ಕಚ್ಚಿಕೊಂಡ ಮುಚ್ಚಳ

ರಾಜೀವ ನಾಯ್ಕನ ಮೇಲೆ ಮನೆಯವರಿಗಿದ್ದ ದೊಡ್ಡ ದೂರೆಂದರೆ, ಅವನು ಯಾವ ಕೆಲಸವನ್ನೂ ನಾಲ್ಕು ಜನ ಮಾಡುವ ಹಾಗೆ ಮಾಡುವುದಿಲ್ಲ ಎಂಬುದು. ಬಿಣಗಾದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಅವನ ಪಾಲಿಗೆ ಇಡೀ ಬ್ರಹ್ಮಾಂಡವೇ ಬಿಸಿಯಾದರೆ ಹಿಗ್ಗುವ, ತಣಿದರೆ ಕುಗ್ಗುವ ಒಂದು ಯಂತ್ರ. ಬೇರಿಂಗನ್ನು ಎಣ್ಣೆಯಲ್ಲಿ ಕಾಯಿಸಿ ಶಾಫ್ಟಿಗೆ ಏರಿಸಿಬಿಟ್ಟರೆ, ತಣಿದ ಮೇಲೆ ಸಾಕ್ಷಾತ್ ಬ್ರಹ್ಮ ಬಂದು ಎಳೆದರೂ ಬಿಡುವುದಿಲ್ಲ ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. (ಮಳೆಗಾಲದಲ್ಲಿ ಕಾರವಾರದ ಹಬ್ಬುವಾಡದ ಬಾಡಿಗೆ ಮನೆಯ ಬಾಗಿಲು ಬಿಗಿಯಾದಾಗಲೂ ಅವನು ಚಿಮಣಿ ದೀಪ ಹಿಡಿದು ಕಾಯಿಸಲು ಹೋಗಿದ್ದುಂಟು. ಅದು ಮರದ ಬಾಗಿಲೆಂದು ಹೆಂಡತಿ ದಮಯಂತಿ ನೆನಪು ಮಾಡಿಕೊಡಬೇಕಾಯಿತು.)

ಇಂಥ ವಿಜ್ಞಾನಿಯ ತಾಯಿ ಹೊನ್ನು ಮಾಘದ ಒಂದು ಬೆಳಿಗ್ಗೆ ತೀರಿಕೊಂಡಳು. ಮಗನನ್ನು ಅವಳು ಕೇಳಿದ್ದು ಒಂದೇ ಒಂದು. ತನ್ನ ತವರು ಮಂಜಗುಣಿ. ಅಲ್ಲಿ ಗಂಗಾವಳಿ ಹೊಳೆ ಸಮುದ್ರಕ್ಕೆ ಸೇರುವ ಕಡೆ ತನ್ನನ್ನು ಬಿಡಬೇಕು. "ಕಾರವಾರದ ಸಮುದ್ರಕ್ಕೆ ನನ್ನ ಗುರ್ತಿಲ್ಲ, ತಮಾ. ನಮ್ಮ ಹೊಳೆಗೆ ಗುರ್ತದೆ," ಎಂದಿದ್ದಳು. ರಾಜೀವ ಅವಳ ಕೈಮೇಲೆ ಕೈಯಿಟ್ಟು ಆಗಲಿ ಎಂದಿದ್ದ. ಅವಳು ಹೋದ ಮೇಲೆ ಅವನಿಗೆ ಅಳು ಬಂದಿರಲಿಲ್ಲ. ಈ ಮಾತೊಂದನ್ನು ನಡೆಸಿಕೊಟ್ಟರೆ ಸಾಕು ಎಂದುಕೊಂಡು ಹಲ್ಲು ಕಚ್ಚಿ ಓಡಾಡುತ್ತಿದ್ದ.

ಮೂರನೆಯ ದಿನ ಎಲುಬು ಆರಿಸಲು ಅವನ ಅಕ್ಕ ಕಾಶಿ ಅಂಕೋಲೆಯಿಂದ ಹೊಸ ಮಡಕೆ, ಬಾಯಿಗೆ ಕಟ್ಟಲು ಬಿಳಿ ಬಟ್ಟೆ ತಂದಳು. ರಾಜೀವ ಮಡಕೆಯನ್ನು ಬೆರಳಿನಿಂದ ಬಡಿದು ನೋಡಿ ಪಕ್ಕಕ್ಕಿಟ್ಟ.

"ಬಸ್ಸಿನ ನೂಕಾಟದಲ್ಲಿ ಇದು ಒಡದ್ರೆ ಅವ್ವಿ ಎಲ್ಲಿಗೆ ಹೋಗ್ಬೇಕು? ಸೀಟಿನ ಅಡಿಗಾ?"

ಅವನು ಅಟ್ಟದಿಂದ ಇಳಿಸಿದ್ದು ಒಂದು ಸ್ಟೀಲ್ ಡಬ್ಬಿ. ಅದರ ಮೂಲ ಮುಚ್ಚಳ ಕಳೆದುಹೋದ ಮೇಲೆ ಅವನೇ ಲೇಥಿನಲ್ಲಿ ಕಡೆದು, ಡಬ್ಬಿಯ ಬಾಯಿಯನ್ನು ಹೊರಗಿನಿಂದ ಅಪ್ಪಿ ಹಿಡಿಯುವ ಹಿತ್ತಾಳೆ ಮುಚ್ಚಳ ಮಾಡಿದ್ದ.

"ಅದು ಒಣ ಶೆಟ್ಲಿ ಡಬ್ಬಿ," ಎಂದಳು ದಮಯಂತಿ. "ಎಷ್ಟು ತಿಕ್ಕಿದ್ರೂ ಮೀನಿನ ವಾಸ್ನೆ ಹೋಗೂದಿಲ್ಲ. ಭಟ್ರು ಎಂತಾ ಅಂಬ್ರು?"

"ಅವ್ವಿಗೆ ಶೆಟ್ಲಿ ಅಂದ್ರೆ ಜೀವ ಆಗಿತ್ತು."

ದಮಯಂತಿ ಹುಣಸೆಹಣ್ಣು ತೆಗೆದುಕೊಂಡು ತಿಕ್ಕಲು ಕೂತಳು. ಅತ್ತೆಯ ಜೊತೆ ಜಗಳವಾಡದೆ ಅವಳಿಗೆ ದಿನ ಸರಿಯುತ್ತಿರಲಿಲ್ಲ; ಈಗ ಆ ಡಬ್ಬಿಯನ್ನು ತಿಕ್ಕಿದ್ದೇ ತಿಕ್ಕಿದ್ದು.

ಸ್ಮಶಾನದಲ್ಲಿ ಚಿತೆಯ ನಡುವೆ ಮಾವಿನ ಬೊಡ್ಡೆ ಇನ್ನೂ ಒಳಗೊಳಗೇ ಉರಿಯುತ್ತಿತ್ತು. ಹಾಲು ಹೊಯ್ದರೆ ಚುಂಯ್ ಎಂದಿತು. "ಆರ್ಲಿ, ತಮಾ. ಆರಿದ ಮೇಲೆ ಆರ್ಸು," ಎಂದಳು ಕಾಶಿ. ಬೂದಿ ಆರುವ ತನಕ ಬಸ್ಸು ನಿಲ್ಲುವುದಿಲ್ಲ ಎಂದು ರಾಜೀವ ಬೆರಳು ಊದಿಕೊಳ್ಳುತ್ತ, ಬಿಸಿ ಎಲುಬು, ಬಿಸಿ ಬೂದಿ, ಹಾಲಿನ ಪಸೆ ಎಲ್ಲವನ್ನೂ ಡಬ್ಬಿಗೆ ತುಂಬಿದ. ಕೆಂಡದ ಅಂಚಿನಲ್ಲಿ ಇಟ್ಟಿದ್ದ ಮುಚ್ಚಳವೂ ಕಾದಿತ್ತು. ಯಾವತ್ತೂ ಒತ್ತಿ ಒತ್ತಿ ಕೂರಿಸಬೇಕಾದ ಅದು ಅಂದು ಬೆಣ್ಣೆಗೆ ಇಳಿದ ಹಾಗೆ ಇಳಿಯಿತು.

"ನೋಡು, ಹೆಂಗೆ ಕೂತ್ಕಂತು," ಎಂದ ರಾಜೀವ ಹೆಮ್ಮೆಯಿಂದ. ತಾಯಿ ಸತ್ತ ಮೇಲೆ ಅವನ ಮುಖ ಅರಳಿದ್ದು ಅದೊಂದೇ ಸಲ.

ಮಂಜಗುಣಿಯ ಹೊಳೆಬಾಯಿಯಲ್ಲಿ ಪುರೋಹಿತ ರಾಮನಾಥ ಭಟ್ಟರು ಎಳ್ಳು, ದರ್ಭೆ ಹರಡಿಕೊಂಡು ಕೂತಿದ್ದರು. ನೀರು ರಭಸದಿಂದ ಸಮುದ್ರಕ್ಕೆ ಇಳಿಯುತ್ತಿತ್ತು. "ಇಳಿತ ಇದ್ದಾಗ್ಲೇ ಬಿಡ್ಬೇಕು," ಎಂದರು ಭಟ್ಟರು. "ಭರತಿ ಶುರುವಾದ್ರೆ ಬಿಟ್ಟದ್ದೆಲ್ಲ ಹಿಂದೆ ಬಂದು ದಡಕ್ಕೇ ಬೀಳ್ತದೆ. ಹ್ಞಾಂ, ಮುಚ್ಚಳ ತೆಗಿ."

ಮುಚ್ಚಳ ಬರಲಿಲ್ಲ. ರಾಜೀವ ತಿರುವಿದ, ಡಬ್ಬಿಯನ್ನು ತೊಡೆಗಳ ನಡುವೆ ಇರುಕಿಸಿಕೊಂಡು ಎಳೆದ. ಕಾಶಿ ಸೆರಗು ಸುತ್ತಿ ಹಿಡಿದು ಮುಲುಕಿದಳು. ಭಟ್ಟರು ಮಂತ್ರ ನಿಲ್ಲಿಸಿ ಕೈಹಾಕಿದರು, ಆಮೇಲೆ ಬೆರಳನ್ನು ಮೂಗಿನ ಹತ್ತಿರ ತಂದು ಹುಬ್ಬು ಗಂಟಿಕ್ಕಿದರು. ದಮಯಂತಿ ಹೊಳೆಯ ಕಡೆ ನೋಡಿದಳು.

ಆಗ ರಾಜೀವನಿಗೆ ಹೊಳೆಯಿತು. ಕಾದ ಮುಚ್ಚಳ ಹಿಗ್ಗಿ ಸಲೀಸಾಗಿ ಇಳಿದಿತ್ತು. ತಣಿದು ಕುಗ್ಗಿ ಕಚ್ಚಿಕೊಂಡಿತ್ತು. ಒಳಗಿನ ಬಿಸಿಗಾಳಿಯೂ ತಣಿದು ಮುಚ್ಚಳವನ್ನು ಒಳಕ್ಕೆ ಎಳೆದುಕೊಂಡಿತ್ತು. ಕಾರ್ಖಾನೆಯಲ್ಲಿ ಬೇರಿಂಗಿಗೆ ಮಾಡುವುದನ್ನು ಅವನು ಹೆತ್ತ ತಾಯಿಗೆ ಮಾಡಿದ್ದ. ಜೀವಮಾನದಲ್ಲಿ ಒಂದೇ ಒಂದು ಮಾತು ಕೇಳಿದವಳನ್ನು ತನ್ನ ಕೈಯಾರೆ ಶೆಟ್ಲಿ ಡಬ್ಬಿಯಲ್ಲಿ ಬಂಧಿಸಿದೆನಲ್ಲ ಎಂದು ಅವನಿಗೆ ನಿಜಕ್ಕೂ ಹೆದರಿಕೆಯಾಯಿತು.

"ಯಾರ ಮನೆಯಿಂದಾದ್ರೂ ಕತ್ತಿ ತರ್ತೆ. ಸೀಳೂದೇ ಸೈ," ಎಂದ.

"ಅವ್ವಿ ಮೇಲೆ ಕತ್ತಿ ಎತ್ತಿದ್ರೆ ನಾ ಈ ಹೊಳೆಗೇ ಬೀಳ್ತೆ," ಎಂದಳು ಕಾಶಿ.

"ಹಂಗಾರೆ ಬೆಂಕಿ."

"ಅತ್ತೆಗೆ ಎರಡನೇ ಸಲ ಬೆಂಕಿ ಇಡ್ತ್ರಿ?" ಎಂದಳು ದಮಯಂತಿ.

"ಅವ್ವಿಗಲ್ಲ, ಮುಚ್ಚಳಕ್ಕೆ. ಹಿತ್ತಾಳೆ ಸ್ಟೀಲಿಗಿಂತ ಜಾಸ್ತಿ ಹಿಗ್ತದೆ. ಮುಚ್ಚಳ ಮಾತ್ರ ಕಾಯಿಸಿದ್ರೆ ತಾನಾಗೇ ಸಡ್ಲ ಆಗ್ತದೆ."

ಶಾಸ್ತ್ರದಲ್ಲಿ ಇದಕ್ಕೆ ಏನು ಹೇಳಿದೆಯೆಂದು ಭಟ್ಟರಿಗೂ ಗೊತ್ತಿರಲಿಲ್ಲ. ಅವರು ನೀರನ್ನು ನೋಡಿ, "ಏನಾದ್ರೂ ಮಾಡು ಮಾರಾಯಾ, ಇಳಿತ ಮುಗೀತಾ ಬಂತು," ಎಂದರು.

ತೆಂಗಿನ ಗರಿ, ಸಿಪ್ಪೆ ಕೂಡಿಸಿ ಬೆಂಕಿ ಹಚ್ಚಿದರು. ರಾಜೀವ ಡಬ್ಬಿಗೆ ಒದ್ದೆ ಪಂಚೆ ಸುತ್ತಿ, ತಲೆಕೆಳಗು ಮಾಡಿ ಮುಚ್ಚಳವನ್ನು ಉರಿಗೆ ಹಿಡಿದ. ಅವನ ಲೆಕ್ಕ ಸರಿಯಾಗಿಯೇ ಇತ್ತು. ಮುಚ್ಚಳ ಹಿಗ್ಗತೊಡಗಿತು. ಆದರೆ ಮುಚ್ಚಳವೊಂದೇ ಅಲ್ಲ, ಒಳಗಿನ ಗಾಳಿಯೂ ಹಿಗ್ಗುತ್ತದೆ, ಹಾಲಿನ ಪಸೆ ಕುದಿದು ಆವಿಯಾಗುತ್ತದೆ ಎಂಬುದನ್ನು ಅವನು ಮರೆತಿದ್ದ. (ಬೇರಿಂಗಿನ ಒಳಗೆ ಯಾರ ತಾಯಿಯೂ ಇರುವುದಿಲ್ಲ.) "ಈಗ ನೋಡಿ," ಎನ್ನುತ್ತ ಡಬ್ಬಿಯನ್ನು ನೆಟ್ಟಗೆ ಮಾಡಿ, ಮುಖ ಹತ್ತಿರ ತಂದು ಪಂಚೆಯ ತುದಿಯಿಂದ ಮುಚ್ಚಳಕ್ಕೆ ಕೈ ಹಾಕಿದ.

ಢಬ್ ಎಂದಿತು. ಹಿತ್ತಾಳೆ ಮುಚ್ಚಳ ಅವನ ಕಿವಿಯ ಪಕ್ಕದಿಂದ ಹಾರಿ ಭಟ್ಟರ ದರ್ಭೆಯ ಮೇಲೆ ಬಿತ್ತು. ಬಿಸಿ ಬೂದಿ ಮೇಲೆದ್ದು ರಾಜೀವನ ಬೋಳುತಲೆ, ಹುಬ್ಬು, ಕುತ್ತಿಗೆ, ಎದೆಯ ಮೇಲೆಲ್ಲ ಇಳಿಯಿತು. ಕಣ್ಣು ಎರಡು ಬಿಟ್ಟರೆ ಅವನಲ್ಲಿ ಅವನದು ಅಂತ ಕಾಣುವುದು ಏನೂ ಉಳಿಯಲಿಲ್ಲ.

ಕಾಶಿ ಅಳಬೇಕೋ ಬಯ್ಯಬೇಕೋ ತಿಳಿಯದೆ ನಿಂತಳು. ಭಟ್ಟರೇ ಮೊದಲು ಚೇತರಿಸಿಕೊಂಡರು. ಡಬ್ಬಿಯ ತಳದಲ್ಲಿದ್ದ ಎಲುಬುಗಳನ್ನು ಮಂತ್ರ ಹೇಳಿ ಕಾಶಿಯ ಕೈಯಿಂದ ಹೊಳೆಗೆ ಬಿಡಿಸಿದರು. ಆಮೇಲೆ ರಾಜೀವನ ಕಡೆ ತಿರುಗಿ, "ಉಳಿದದ್ದು ನಿನ್ನ ಮೈಮೇಲದೆ. ಹೋಗು, ಮುಳುಗು. ನೀರು ತಿರುಗೂದ್ರೊಳಗೆ," ಎಂದರು.

ಅವನು ನಡೆದ. ಮೊಣಕಾಲು, ಸೊಂಟ, ಎದೆ. ನೀರು ತಾಗಿದಲ್ಲೆಲ್ಲ ಬೂದಿ ಕರಗಿ ಸಮುದ್ರದ ಕಡೆ ಹೋಯಿತು. ಎದೆಮಟ್ಟದಲ್ಲಿ ನಿಂತವನು ಮುಂದೆ ಹೋಗಲಿಲ್ಲ, ಮುಳುಗಲೂ ಇಲ್ಲ. ಇಷ್ಟು ಹೊತ್ತು ತಾಯಿಯನ್ನು ಹೊರಗೆ ತೆಗೆಯಲು ಹೆಣಗಿದವನಿಗೆ ಈಗ ತಲೆಯ ಮೇಲೆ ಉಳಿದಿದ್ದ ಅವಳನ್ನು ಬಿಡಲು ಆಗುತ್ತಿರಲಿಲ್ಲ. ಕೆನ್ನೆಯ ಬೂದಿಯಲ್ಲಿ ಎರಡು ಗೆರೆ ಮೂಡಿದವು. ಅಷ್ಟು ದಿನ ಬಾರದ ಅಳು ಈಗ ಬಂದಿತ್ತು.

"ಮುಳುಗಾ, ತಮಾ," ಎಂದು ಕಾಶಿ ಕೂಗಿದಳು.

"ನಂಗೆ ಆಗೂದಿಲ್ಲ."

ನೀರಿನ ರಭಸ ನಿಂತಿತ್ತು. ಇನ್ನು ತಿರುಗುವುದೊಂದೇ ಬಾಕಿ. ದಮಯಂತಿ ಉಟ್ಟ ಸೀರೆಯಲ್ಲೇ ನೀರಿಗಿಳಿದು ಅವನ ಹತ್ತಿರ ಬಂದಳು. ಎರಡೂ ಕೈಯನ್ನು ಬೋಳುತಲೆಯ ಮೇಲಿಟ್ಟು ಅದುಮಿದಳು. ಅವನು ಕೆಮ್ಮುತ್ತ ಮೇಲೆದ್ದಾಗ ಸೆರಗಿನ ತುದಿಯಿಂದ ಅವನ ಕಿವಿಯ ಹಿಂದೆ ತಿಕ್ಕಿ ನೋಡಿದಳು. ಅವಳ ಕಣ್ಣೂ ಒದ್ದೆಯಾಗಿತ್ತು.

"ಅತ್ತೆ ಇಲ್ಲಿ ಇನ್ನೂ ಸ್ವಲ್ಪ ಉಳ್ದಾರೆ," ಎಂದು, ಅವನು ಮೂಗು ಹಿಡಿದುಕೊಳ್ಳುವ ಮೊದಲೇ ಮತ್ತೊಮ್ಮೆ ಅದುಮಿದಳು.