ಕಮಲಾಪುರದ ಏರು, ನನ್ನ ಇಪ್ಪತ್ತು ಕುದುರೆ

"ಈ ಸಲ ಕಮಲಾಪುರದ ಏರು ಗೇರ್ ಇಳಸಲಾರದ ಹತ್ತಲಿಲ್ಲಂದ್ರ ನಾ ಶಿವಶರಣನೇ ಅಲ್ಲ!"

ಹೀಗೊಂದು ಘನಘೋರ ಪ್ರತಿಜ್ಞೆಯನ್ನು ನಾನು ಕಲಬುರಗಿಯ ಗಾಜಿಪುರದ ನಮ್ಮ ಮನೆಯ ಅಡುಗೆಮನೆ ಬಾಗಿಲಲ್ಲಿ ನಿಂತು ಮಾಡಿದೆ. ಹೆಂಡತಿ ಮಲ್ಲಿಕಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಪಾಪ, ಆ ಏರು ನಿಮಗೇನ್ ಮಾಡ್ಯಾದ?" ಎಂದಳು.

ಏನು ಮಾಡಿದೆಯೇ! ಹಳೆಯದಾದ ನನ್ನ ಡೀಸೆಲ್ ಕಾರು ಕಲಬುರಗಿಯಿಂದ ಮಹಾಗಾಂವದವರೆಗೆ ಮರ್ಯಾದಸ್ಥರಂತೆ ಓಡುತ್ತದೆ. ಮುಂದೆ ಏರು ಕಂಡಿತೋ, ಕೆಮ್ಮಲು ಶುರು. ಸರಿಯಾಗಿ ಅಲ್ಲಿಯೇ ನನ್ನ ಸಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ ಅಮರನಾಥ, ತನ್ನ ಹೊಸ ಬಿಳಿ ಕಾರಿನಲ್ಲಿ ಬಂದು ನನ್ನನ್ನು ಹಿಂದೆ ಹಾಕುತ್ತಾನೆ. ಹಾಕುವಾಗ ಒಂದು ಸಣ್ಣ ಹಾರ್ನು. ಆ ಹಾರ್ನಿನಲ್ಲಿ ಎಷ್ಟು ವಿನಯವಿರುತ್ತದೆಂದರೆ, ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಇಷ್ಟು ದಿನ ಸಹಿಸಿಕೊಂಡೆ.

ಆದರೆ ಈ ಸಲದ ಮಾತು ಬೇರೆಯಾಗಿತ್ತು. ಕಮಲಾಪುರದಲ್ಲಿ ನನ್ನ ಮಾವ ದೇವಿಂದ್ರಪ್ಪನವರ ವರ್ಷದ ಪುಣ್ಯಸ್ಮರಣೆ. ಆ ಮನೆತನದ ಗುರುಗಳಾದ ಅಯ್ಯನವರು ಇರುವುದು ಕಲಬುರಗಿಯಲ್ಲಿ. ಅವರು ಬಂದು, ಪಾದಪೂಜೆಯಾಗಿ, ಅವರು ಪ್ರಸಾದ ಸ್ವೀಕರಿಸಿದ ಮೇಲೆಯೇ ಉಳಿದವರ ಊಟ. ಅಲ್ಲಿಯವರೆಗೆ ಮನೆಯವರು ಒಂದು ತುತ್ತೂ ಮುಟ್ಟುವಂತಿಲ್ಲ. ಮಾವ ಇದ್ದಾಗ ಏನೇ ಕಾರ್ಯವಿದ್ದರೂ ಅಯ್ಯನವರನ್ನು ತಾವೇ ತಮ್ಮ ಜೀಪಿನಲ್ಲಿ ಕೂರಿಸಿಕೊಂಡು ತರುತ್ತಿದ್ದರು. ತುಂಬಿದ ಕೊಡ ತಂದ ಹಾಗೆ ತರುತ್ತಿದ್ದರು.

ಅತ್ತೆ ವಿಮಲಾಬಾಯಿ ಫೋನು ಮಾಡಿದರು. "ಅವ್ರಿದ್ದಾಗ ಅವ್ರೇ ತರ್ತಿದ್ರು. ಈಗ ಹಿರೇ ಅಳಿಯಾ ನೀವೇ ಇದ್ದೀರಿ. ಅಯ್ಯನವರನ್ನ ನೀವೇ ಕರ್ಕೊಂಡು ಬರ್ರಿ."

ಸುಳ್ಳು ಹೇಳುವುದಿಲ್ಲ, ನನ್ನ ಕಣ್ಣು ತುಂಬಿತು. ಮಾವನ ಜಾಗದಲ್ಲಿ ನಾನು! ಹೊಸ ಬಿಳಿ ಕಾರಿನವನಲ್ಲ, ನಾನು! ಕಣ್ಣೊರೆಸಿಕೊಂಡ ಮರುಕ್ಷಣವೇ ಆ ಏರು ನೆನಪಾಯಿತು. ಅಯ್ಯನವರನ್ನು ಕೂರಿಸಿಕೊಂಡು ಅಲ್ಲಿ ಕೆಮ್ಮುತ್ತ ಹೋಗುವುದೇ? ಮಾವನ ಆತ್ಮ ಏನಂದೀತು?

ಹೀಗೆ ನಾನು ಮೋಮಿನಪುರದ ಸಮೀವುಲ್ಲಾನ ಗ್ಯಾರೇಜಿಗೆ ಹೋದೆ. ಡೀಸೆಲ್ ಗಾಡಿಗಳ ತಲೆ ರಿಪೇರಿ ಮಾಡುವುದರಲ್ಲಿ ಹೈದರಾಬಾದಿನವರೆಗೂ ತನಗೆ ಸಮಾನರಿಲ್ಲ ಎಂದು ಅವನೇ ಹೇಳುತ್ತಾನೆ. ಬೇರೆ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನಾದ್ದರಿಂದ ಅವನು ಸರಳವಾಗಿ ತಿಳಿಸಿದ. ಗಾಡಿಯೊಳಗೆ ಒಂದು ಪುಟ್ಟ ಕಂಪ್ಯೂಟರ್ ಇದೆ. ಎಷ್ಟು ಡೀಸೆಲ್ ಸುರಿಯಬೇಕು, ಯಾವಾಗ ಸುರಿಯಬೇಕು, ಟರ್ಬೊ ಎಷ್ಟು ಗಾಳಿ ಊದಬೇಕು ಎಂಬುದನ್ನೆಲ್ಲ ನಿರ್ಧರಿಸುವುದು ಅದೇ. ಕಂಪನಿಯವರು ಹೆದರಿಕೆಯಿಂದ ಎಲ್ಲವನ್ನೂ ಸ್ವಲ್ಪ ಕಡಿಮೆ ಬರೆದಿಟ್ಟಿರುತ್ತಾರೆ. ಅದನ್ನು ಅಳಿಸಿ ಧೈರ್ಯವಂತರು ಹೊಸದಾಗಿ ಬರೆಯುವುದಕ್ಕೆ ರೀಮ್ಯಾಪ್ ಎನ್ನುತ್ತಾರೆ.

"ಇಪ್ಪತ್ತು ಕುದ್ರಿ ಜಾಸ್ತಿ ಕೊಡ್ತೀನಿ ಸಾಬ್! ಗಾಡಿ ಏಕದಂ ಹಾರ್ತದ!"

ಇಪ್ಪತ್ತು ಕುದುರೆ! ಬಹಮನಿ ಸುಲ್ತಾನರು ಒಂದೊಂದು ಅರಬ್ಬಿ ಕುದುರೆಗಾಗಿ ಸಮುದ್ರದ ಆಚೆಗೆ ಹಡಗು ಕಳಿಸುತ್ತಿದ್ದರು ಎಂದು ವರ್ಷವೂ ಪಾಠ ಮಾಡುವವನು ನಾನು. ನನಗೆ ಒಂದು ಲ್ಯಾಪ್‌ಟಾಪಿನ ವಯರಿನಲ್ಲಿ ಇಪ್ಪತ್ತು ಬರುತ್ತಿದ್ದವು.

"ಹೊಗಿ ಬರ್ತದೇನ್?" ಎಂದು ಕೇಳಿದೆ.

"ಥೋಡಾ ಬರ್ತದ. ಹೊಗಿ ಇಲ್ಲಾರದ ತಾಕತ್ತ ಎಲ್ಲದ, ಸಾಬ್? ಲೇಕಿನ್ ಕ್ಲಚ್ ಹೆಂಗದ ಹೇಳ್ರಿ. ಎಂಜಿನ್ ಜೋರಾತು ಅಂದ್ರ ಆ ಜೋರೆಲ್ಲಾ ಚಕ್ರಕ್ಕ ಮುಟ್ಟಸೂದು ಅದೇ. ಹಳೇದಿದ್ರ ಜಾರ್ತದ."

"ಕ್ಲಚ್? ಫಸ್ಟ್ ಕ್ಲಾಸ್ ಅದ!" ಎಂದೆ. ಕ್ಲಚ್ ಎನ್ನುವುದು ಎಡಗಾಲಿನ ಕೆಳಗೆ ಇರುತ್ತದೆ ಎಂಬುದರ ಹೊರತು ನನಗೆ ಅದರ ವಿಷಯ ಏನೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲವೆಂದು ಹೇಳುವ ಅಭ್ಯಾಸ ಮೇಷ್ಟ್ರುಗಳಿಗೆ ಇರುವುದಿಲ್ಲ.

ಅವನು ವಯರು ಚುಚ್ಚಿದ, ಏನೇನೋ ಒತ್ತಿದ, ಚಹಾ ಕುಡಿದ. ರೀಮ್ಯಾಪ್ ಮುಗಿಯಿತು. ರಿಂಗ್ ರೋಡಿನಲ್ಲಿ ಒಂದು ಸುತ್ತು ಹೊಡೆದೆ ನೋಡಿ, ಯಾರೋ ಹಿಂದಿನಿಂದ ದಬ್ಬಿದ ಹಾಗೆ ಗಾಡಿ ಚಿಮ್ಮಿತು! ಅವನು ಹೇಳಿದ್ದು ಸುಳ್ಳಲ್ಲ. ಕಾಲು ಹಗುರ ಇಟ್ಟರೆ ಮೈಲೇಜೂ ಜಾಸ್ತಿಯಾಗುತ್ತದೆ ಎಂದೂ ಹೇಳಿದ್ದ. ಆದರೆ ಇಪ್ಪತ್ತು ಕುದುರೆ ಹೊಸದಾಗಿ ಬಂದವನ ಕಾಲು ಹಗುರ ಇರುವುದು ಹೇಗೆ?

ಪುಣ್ಯಸ್ಮರಣೆಯ ದಿನ ಬೆಳಿಗ್ಗೆ ಅಯ್ಯನವರನ್ನು ಕೈಮುಗಿದು ಮುಂದಿನ ಸೀಟಿನಲ್ಲಿ ಕೂರಿಸಿದೆ. ಇಂಥ ದಿನ ಪಾದಪೂಜೆ ಮುಗಿಯುವವರೆಗೆ ಅವರದು ಮೌನ. ಕಣ್ಣು ಅರ್ಧ ಮುಚ್ಚಿ, ರುದ್ರಾಕ್ಷಿ ಹಿಡಿದು ಕೂತರು. ಹಿಂದಿನ ಸೀಟಿನಲ್ಲಿ ಮಲ್ಲಿಕಾ. ನಮ್ಮ ಹಿಂದೆ ಅಮರನಾಥನ ಬಿಳಿ ಕಾರು, ಅದರ ಹಿಂದೆ ಮಲ್ಲಿಕಾಳ ಸೋದರಮಾವನ ಜೀಪು, ಕೊನೆಗೆ ಬೀಗರನ್ನೆಲ್ಲ ತುಂಬಿಕೊಂಡ ಟೆಂಪೊ. ಅಯ್ಯನವರು ಕೂತ ಗಾಡಿಯನ್ನು ನಮ್ಮವರು ಯಾರೂ ಹಿಂದೆ ಹಾಕುವುದಿಲ್ಲ. ಅಂದರೆ ಈ ದಿನ ಅಮರನಾಥನ ಹಾರ್ನು ಮೂಕ! ಧರ್ಮವೇ ನನ್ನ ಕಡೆಗಿತ್ತು.

ಊರು ದಾಟುತ್ತಲೇ ಕಾಲು ಒತ್ತಿದೆ. ಗಾಡಿ ಹಾರಿತು. ಅಯ್ಯನವರು ಕಣ್ಣು ಪೂರ್ತಿ ತೆರೆದರು. ನಿಧಾನವಾಗಿ ಬಲಗೈ ಎತ್ತಿ, ಅಂಗೈಯನ್ನು ನನ್ನ ಕಡೆಗೆ ತೋರಿಸಿದರು.

ಆಶೀರ್ವಾದ! ನನ್ನ ಮೈ ಜುಮ್ಮೆಂದಿತು. ಸ್ಟೇರಿಂಗ್ ಹಿಡಿದುಕೊಂಡೇ ತಲೆ ಬಾಗಿಸಿ, ಇನ್ನಷ್ಟು ಒತ್ತಿದೆ. ಅಯ್ಯನವರು ಎರಡೂ ಕೈ ಎತ್ತಿದರು. ಎರಡು ಕೈಯ ಆಶೀರ್ವಾದ ನಮ್ಮ ಮದುವೆಯಲ್ಲೂ ಸಿಕ್ಕಿರಲಿಲ್ಲ!

"ರೀ, ಅದು ಆಶೀರ್ವಾದ ಅಲ್ರೀ! ಸಾವಕಾಶ ಹೋಗು ಅಂತ ಕೈ ಮಾಡಾಕತ್ತಾರ!" ಎಂದು ಮಲ್ಲಿಕಾ ಹಿಂದಿನಿಂದ ಕೂಗಿದಳು.

"ನಿನಗೇನ್ ತಿಳೀತದ? ಅಯ್ಯನವರು ಮೆಚ್ಚ್ಯಾರ!"

"ಮೆಚ್ಚಿದವ್ರು ಬಾಗಲದ ಹಿಡಿಕಿ ಯಾಕ ಹಿಡ್ಕೊಂಡಾರ?"

ಮಹಾಗಾಂವದ ಕ್ರಾಸಿನಲ್ಲಿ ಜನ ನಿಂತು ಮಿರ್ಚಿ ಭಜಿ ತಿನ್ನುತ್ತಿದ್ದರು. ನಾನು ಗೇರು ಬದಲಿಸಿ ಒತ್ತಿದೆ. ಕನ್ನಡಿಯಲ್ಲಿ ನೋಡಿದರೆ ಕ್ರಾಸು ಇರಲಿಲ್ಲ! ಭಜಿ ಅಂಗಡಿ, ಜನ, ಅಮರನಾಥನ ಬಿಳಿ ಕಾರು, ಎಲ್ಲವೂ ಒಂದು ಕರಿ ಮೋಡದೊಳಗೆ ಮುಳುಗಿದ್ದವು. ಮೋಡದೊಳಗಿಂದ ಬೈಗುಳ ಮಾತ್ರ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಆಮೇಲೆ ಏರು ಬಂತು. ನಾನು ಗೇರು ಇಳಿಸಲಿಲ್ಲ. ಪೂರ್ತಿ ಒತ್ತಿದೆ. ಎಂಜಿನ್ನು ಗರ್ಜಿಸಿತು. ಸಿಂಹಗರ್ಜನೆ! ಆದರೆ ವಿಚಿತ್ರ ನೋಡಿ, ಗರ್ಜನೆ ಏರಿದಷ್ಟೂ ಗಾಡಿಯ ವೇಗ ಇಳಿಯುತ್ತಿತ್ತು. ಇನ್ನೂ ಒತ್ತಿದೆ. ಇನ್ನೂ ಇಳಿಯಿತು. ಇಪ್ಪತ್ತು ಕುದುರೆಗಳೂ ಲಾಯದಲ್ಲೇ ನಿಂತು ಕೆನೆಯುತ್ತಿದ್ದವು, ಒಂದೂ ಗಾಡಿಗೆ ಹೂಡಿಕೊಂಡಿರಲಿಲ್ಲ. ಸುಟ್ಟ ವಾಸನೆ ಬರತೊಡಗಿತು. ಫಸ್ಟ್ ಕ್ಲಾಸ್ ಕ್ಲಚ್ಚು ಜಾರುತ್ತಿತ್ತು.

ಒಂದನೇ ಗೇರಿಗೆ ಇಳಿಸಿದರೂ ನಮ್ಮ ವೇಗ ನಡೆಯುವ ಮನುಷ್ಯನ ವೇಗ. ಹಿಂದೆ ಅಮರನಾಥ, ಜೀಪು, ಟೆಂಪೊ, ಅದೇ ವೇಗದಲ್ಲಿ ಸಾಲಾಗಿ ಬರುತ್ತಿದ್ದವು. ಅಯ್ಯನವರ ಗಾಡಿಯನ್ನು ದಾಟುವಂತಿಲ್ಲವಲ್ಲ! ನಾನು ಬಿಟ್ಟ ಹೊಗೆಯನ್ನೆಲ್ಲ ಭಕ್ತಿಯಿಂದ ಕುಡಿಯುತ್ತಿದ್ದರು. ಎದುರಿಗೆ ಬಂದ ಬಸ್ಸಿನವರು ನಮ್ಮ ಗಂಭೀರ ಮೆರವಣಿಗೆಯನ್ನೂ ಮುಂದೆ ಕೂತ ಅಯ್ಯನವರನ್ನೂ ನೋಡಿ, ಒಳಗೆ ಪಾರ್ಥಿವ ಶರೀರವಿದೆ ಎಂದು ತಿಳಿದು ಕೈಮುಗಿದರು.

ಅಷ್ಟರಲ್ಲಿ ನನ್ನ ಕಿಟಕಿಯ ಪಕ್ಕದಲ್ಲಿ ಅಮರನಾಥ ನಡೆದು ಬರುತ್ತಿದ್ದ! ಸ್ಟೇರಿಂಗನ್ನು ಹೆಂಡತಿಗೆ ಕೊಟ್ಟು ಇಳಿದಿದ್ದ. ಹಣೆಯ ವಿಭೂತಿ ಕಪ್ಪಾಗಿತ್ತು. ಆದರೂ ಅದೇ ಹಾಳು ವಿನಯ.

"ಅಣ್ಣಾರ, ಅಯ್ಯನವರನ್ನ ನಮ್ಮ ಗಾಡ್ಯಾಗ ಕುಂದ್ರಸ್ಲೇನ್ರಿ?"

"ಏನೂ ಬ್ಯಾಡ. ತಡೀರಿ, ಈಗ ಟರ್ಬೊ ಬರ್ತದ!"

"ಎಲ್ಲಿಂದ ಬರ್ತದ್ರೀ, ಕಲಬುರ್ಗಿಂದೇನ್?" ಎಂದಳು ಮಲ್ಲಿಕಾ.

"ಅಯ್ಯನವರನ್ನ ಅರ್ಧ ದಾರ್ಯಾಗ ಇಳಸಬಾರ್ದು. ಶಾಸ್ತ್ರದಾಗ ಅದ!" ಎಂದೆ. ಯಾವ ಶಾಸ್ತ್ರ? ಆಗಷ್ಟೇ ನಾನು ಬರೆದದ್ದು.

ಮಲ್ಲಿಕಾಳ ಫೋನು ಬಂತು. ಅವಳು ಕೇಳಿಸಿಕೊಂಡಳು. ಮಾತಾಡಿದಾಗ ಅವಳ ದನಿಯಲ್ಲಿ ಕುಚೇಷ್ಟೆ ಇರಲಿಲ್ಲ.

"ಅವ್ವಗ ತಲಿ ತಿರಗಾಕತ್ತದಂತ. ಮುಂಜಾನಿ ಶುಗರಿನ ಗುಳಿಗಿ ನುಂಗ್ಯಾಳ, ಆಮ್ಯಾಲ ಈಗ ಬರ್ತಾರ, ಈಗ ಬರ್ತಾರ ಅಂತ ಒಂದು ಗುಟುಕು ನೀರೂ ಕುಡದಿಲ್ಲ. ಏನರೆ ತಿನ್ನು ಅಂದ್ರ ಬ್ಯಾಡ ಅನ್ನಾಕತ್ತಾಳ. ಅವ್ರು ಹಸಗೊಂಡಿರೋವಾಗ ನಾ ಹೆಂಗ ತಿನ್ನಲಿ ಅಂತಾಳಂತ."

'ಅವರು' ಅಂದರೆ ಮಾವ. ಅಯ್ಯನವರು ಉಂಡರೆ ಮಾತ್ರ ಅವರ ಹಸಿವು ಹಿಂಗುತ್ತದೆ ಎಂಬುದು ಅತ್ತೆಯ ನಂಬಿಕೆ. ನನ್ನ ಕಾಲು ತಾನಾಗಿಯೇ ಮೇಲೆದ್ದಿತು. ಗಾಡಿ ನಿಂತಿತು. ಆ ಹೊತ್ತಿನಲ್ಲಿ ನನಗೆ ಆದಷ್ಟು ನಾಚಿಕೆ ಜೀವನದಲ್ಲಿ ಎಂದೂ ಆಗಿಲ್ಲ. ಗಂಡನಿಲ್ಲದ ಮೊದಲ ವರ್ಷವನ್ನು ಹೇಗೋ ಕಳೆದು ಆ ತಾಯಿ ಬಾಗಿಲಲ್ಲಿ ಹಸಿದು ಕೂತಿದ್ದಾಳೆ. ನಾನು ಇಲ್ಲಿ ಟರ್ಬೊ ಕಾಯುತ್ತಿದ್ದೇನೆ.

ಇಳಿದು ಹೋಗಿ ನಾನೇ ಅಯ್ಯನವರ ಬಾಗಿಲು ತೆರೆದೆ. "ತಪ್ಪಾತ್ರಿ ಅಯ್ಯನವರ. ಇವ್ರ ಗಾಡಿಗೆ ಬಿಜಯಂಗೈಬೇಕು," ಎಂದೆ. ಅಯ್ಯನವರು ಇಳಿದ ವೇಗ ನೋಡಿದರೆ ಅವರಿಗೆ ಎಪ್ಪತ್ತೈದು ದಾಟಿದೆ ಎಂದು ಯಾರೂ ನಂಬುತ್ತಿರಲಿಲ್ಲ. ಮಲ್ಲಿಕಾಳೂ ಅವರ ಜೊತೆ ಹೋದಳು. ಬಿಳಿ ಕಾರು ನನ್ನನ್ನು ದಾಟಿತು, ಜೀಪು ದಾಟಿತು, ಟೆಂಪೊ ದಾಟಿತು. ಅಮರನಾಥ ಹಾರ್ನು ಬಾರಿಸಲಿಲ್ಲ. ಬಾರಿಸಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಗಾಡಿ ತಣ್ಣಗಾಗುವವರೆಗೆ ರಸ್ತೆಯ ಬದಿಗೆ ಕಲ್ಲಿನ ಮೇಲೆ ಕೂತೆ. ಆಮೇಲೆ ಒಂದನೇ ಗೇರಿನಲ್ಲಿ, ಕಾಲು ಇಟ್ಟೆನೋ ಇಲ್ಲವೋ ಅನ್ನುವಷ್ಟು ಹಗುರಾಗಿ ಬಿಟ್ಟೆ. ಆಶ್ಚರ್ಯ, ಹತ್ತಿತು! ಹೊಗೆಯಿಲ್ಲ, ಗರ್ಜನೆಯಿಲ್ಲ. ಒಬ್ಬ ಮುದುಕ ಎಮ್ಮೆ ಹೊಡೆದುಕೊಂಡು ನನ್ನ ಜೊತೆಗೇ ಏರು ಹತ್ತಿದ. ನಡುವೆ ಒಮ್ಮೆ ಎಮ್ಮೆ ಮುಂದೆ ಹೋಯಿತು.

ಕಮಲಾಪುರ ಮುಟ್ಟಿದಾಗ ಮಾವನ ಸಮಾಧಿಯ ಗದ್ದುಗೆಗೆ ಪತ್ರಿ ಏರಿಸಿ ಬಂದಿದ್ದರು. ಪಾದಪೂಜೆ ಮುಗಿದು, ಅಯ್ಯನವರ ಪ್ರಸಾದವಾಗಿ, ಜನ ಪಂಕ್ತಿಯಲ್ಲಿ ಕೂತು ಹುಗ್ಗಿ ಉಣ್ಣುತ್ತಿದ್ದರು. ನಾನು ಚಪ್ಪಲಿ ಬಿಟ್ಟು, ಕಳ್ಳನ ಹಾಗೆ ಗೋಡೆ ಹಿಡಿದು ಒಳಗೆ ನಡೆದೆ. ಮೌನ ಮುಗಿಸಿ ಕೂತಿದ್ದ ಅಯ್ಯನವರು ಕರೆದರು.

"ತಮ್ಮಾ, ನಾ ಕೈ ಎತ್ತಿದ್ದು ಸಾವಕಾಶ ಹೊಡಿ ಅಂತ. ಒಂದು ಕೈ ಎತ್ತಿದ್ರ ಜೋರು ಮಾಡಿದಿ, ಎರಡು ಎತ್ತಿದ್ರ ಇನ್ನೂ ಜೋರು ಮಾಡಿದಿ. ಕಡೀಗೆ ಕೈ ಕೆಳಗಿಟ್ಟು ಶಿವನ ಮ್ಯಾಲ ಬಿಟ್ಟೆ."

ಪಂಕ್ತಿಯಲ್ಲಿದ್ದವರು ನಗಬೇಕೋ ಬೇಡವೋ ತಿಳಿಯದೆ ಹುಗ್ಗಿಯ ಕಡೆಗೆ ಮುಖ ಬಗ್ಗಿಸಿದರು. ಅರ್ಧ ಜನರ ಮುಖ ಇನ್ನೂ ಕಪ್ಪಗಿತ್ತು.

ಅತ್ತೆ ಒಳಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ತೀರ್ಥ ತೆಗೆದುಕೊಂಡು ಎರಡು ತುತ್ತು ಉಂಡಿದ್ದರಂತೆ, ಮುಖದಲ್ಲಿ ಸ್ವಲ್ಪ ಕಳೆ ಬಂದಿತ್ತು. ಉಳಿದ ಊಟವನ್ನು ನನಗಾಗಿ ತಡೆದಿದ್ದರು. ಎರಡು ತಾಟು ಇಟ್ಟುಕೊಂಡಿದ್ದರು, ಒಂದು ನನ್ನದು. ನಾನು ಎದುರಿಗೆ ಕೂತು ತಾಟನ್ನು ಹತ್ತಿರ ಎಳೆದುಕೊಂಡೆ.

"ಅಳಿಯಾರ, ಇಷ್ಟು ಅವಸರ ಯಾಕ ಮಾಡಿದ್ರಿ?" ಎಂದರು. "ಅವ್ರು ಹೋದ ಮ್ಯಾಲ ಈ ಮನ್ಯಾಗ ಅವಸರದ್ದು ಅಂತ ಏನೂ ಉಳದಿಲ್ಲ."

ಬೈಯಲಿಲ್ಲ ಅವರು. ಹುಗ್ಗಿಯ ಮೇಲೆ ತುಪ್ಪ ಸುರಿದರು, ಸಾಕು ಅಂದರೂ ಸುರಿದರು. ನನ್ನ ಕಣ್ಣೀರು ತಾಟಿನೊಳಗೆ ಬಿದ್ದದ್ದನ್ನು ಕಂಡೂ ಕಾಣದವರಂತೆ ಇದ್ದರು. ಬಾಗಿಲಲ್ಲಿ ಮಲ್ಲಿಕಾ, ಅವಳ ಹಿಂದೆ ಅಮರನಾಥ ಬಂದು ನಿಂತರು.

"ಮುಂದಿನ ವರ್ಷನೂ ಅಯ್ಯನವರನ್ನ ಕರಿಯಾಕ ನೀವೇ ಹೋಗ್ಬೇಕು," ಎಂದರು ಅತ್ತೆ. "ಹಿರೇ ಅಳಿಯಾ ನೀವೇ."

ನಾನು ಬೆನ್ನು ನೆಟ್ಟಗೆ ಮಾಡಿದೆ. ಕಣ್ಣೊರೆಸಿಕೊಂಡೆ. ಮಲ್ಲಿಕಾಳನ್ನು ನೋಡಿದೆ, ಅಮರನಾಥನನ್ನೂ ನೋಡಿದೆ. ಇಷ್ಟೆಲ್ಲ ಆದ ಮೇಲೂ ಮಾವನ ಜಾಗ ನನಗೇ!

ಅತ್ತೆ ಇನ್ನೊಂದು ಸೌಟು ತುಪ್ಪ ಹಾಕಿ ಮಾತು ಮುಗಿಸಿದರು.

"ಗಾಡಿ ಅಮರನಾಥ ಹೊಡೀಲಿ."