ಹೊಳೆಯೊಡನೆ ನನ್ನ ಮಾವನ ಜಗಳ

ನೆರೆಮನೆಯವರ ಜೊತೆ ಮಾತು ಬಿಟ್ಟವರನ್ನು ನೀವು ನೋಡಿರುತ್ತೀರಿ. ಬೀಗರ ಮೇಲೆ ಮುನಿಸಿಕೊಂಡವರಂತೂ ಮನೆಗೊಬ್ಬರು ಸಿಗುತ್ತಾರೆ. ಆದರೆ ಒಂದು ಹೊಳೆಯ ಜೊತೆ ಜಗಳ ಸಾಕಿಕೊಂಡು ಬಂದವರನ್ನು ನೋಡಿದ್ದೀರಾ? ಇಲ್ಲವಾದರೆ ಮೇ ತಿಂಗಳ ಕೊನೆಗೆ ಅಂಕೋಲಾ ಕಡೆಯ ನನ್ನ ಅಜ್ಜಿಮನೆ ಊರಿಗೆ ಬನ್ನಿ. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಗಾಳಿಮರದ ಕೋಲೊಂದನ್ನು ಹೆಗಲ ಮೇಲಿಟ್ಟು, ಮರಳಿನಲ್ಲಿ ನಿಂತು ನೀರಿಗೆ ಬಯ್ಯುತ್ತಿರುವ ಉದ್ದನೆಯ ಮನುಷ್ಯನೊಬ್ಬ ಕಂಡರೆ ಅವನೇ ನನ್ನ ಸೋದರಮಾವ!

ಹೊಳೆ ಎಂದ ಕೂಡಲೇ ಕಾಳಿಯನ್ನೋ ಗಂಗಾವಳಿಯನ್ನೋ ಕಣ್ಣಮುಂದೆ ತಂದುಕೊಳ್ಳಬೇಡಿ. ಕಾರವಾರದಿಂದ ಅಂಕೋಲೆಗೆ ಹೋಗುವ ಬಸ್ಸಿನಲ್ಲಿ ನಿಮಗೊಂದು ಸೀನು ಬಂತೆನ್ನಿ, ಅದು ಮುಗಿಯುವಷ್ಟರಲ್ಲಿ ಬಸ್ಸು ನಮ್ಮ ಹೊಳೆ ದಾಟಿಯಾಗಿರುತ್ತದೆ. ಸೇತುವೆಯ ಹತ್ತಿರ ಹೆಸರಿನ ಬೋರ್ಡು ಕೂಡ ಇಲ್ಲ. ಗುಡ್ಡದ ಬುಡದಲ್ಲಿ ಹುಟ್ಟಿ, ಗೇರುಮರಗಳ ನಡುವೆ ನುಸುಳಿ, ಉಪ್ಪುನೀರು ಹತ್ತುವ ಗಜನಿ ಗದ್ದೆಗಳನ್ನು ಸುತ್ತಿ, ಹೆದ್ದಾರಿಯ ಅಡಿಯಿಂದ ತೂರಿ ಸಮುದ್ರದ ಕಡೆ ಬರುತ್ತದೆ. ಇನ್ನೇನು ಸೇರಿಯೇಬಿಟ್ಟಿತು ಅನ್ನುವಾಗ, ಎದುರಿಗೆ ಬೀಗರು ಕಂಡವರ ಹಾಗೆ ಥಟ್ಟನೆ ಪಕ್ಕಕ್ಕೆ ತಿರುಗಿಬಿಡುತ್ತದೆ. ಮುಂದೆ ಒಂದಷ್ಟು ದೂರ ಸಮುದ್ರಕ್ಕೆ ಬೆನ್ನು ಹಾಕಿಕೊಂಡೇ ದಕ್ಷಿಣಕ್ಕೆ ಹರಿಯುತ್ತದೆ. ಹೊಳೆಗೂ ಸಮುದ್ರಕ್ಕೂ ನಡುವೆ ಒಂದು ಮರಳ ದಿಬ್ಬ ಮಾತ್ರ.

ಬೇಸಿಗೆಯಲ್ಲಿ ಸಮುದ್ರವು ಮರಳು ತಂದು ತಂದು ಹೊಳೆಯ ಬಾಯನ್ನು ಮುಚ್ಚಿಬಿಡುತ್ತದೆ. ಹೊಳೆ ಒಳಗೇ ಕೆರೆಯಾಗಿ ನಿಲ್ಲುತ್ತದೆ. ಮಳೆ ಹಿಡಿದ ಮೇಲೆ ನೀರು ಏರುತ್ತಾ ಏರುತ್ತಾ ಒಂದು ದಿನ ಆ ದಿಬ್ಬವನ್ನು ಎಲ್ಲಾದರೂ ಒಂದು ಕಡೆ ಕತ್ತರಿಸಿಕೊಂಡು ಸಮುದ್ರಕ್ಕೆ ನುಗ್ಗುತ್ತದೆ. ಅಳಿವೆ ಒಡೆಯುವುದು ಎಂದರೆ ಇದೇ. ಎಲ್ಲಿ ಒಡೆಯುತ್ತದೆ ಎಂಬುದು ಮಾತ್ರ ಹೊಳೆಗೇ ಗೊತ್ತು. ಒಂದು ವರ್ಷ ಉತ್ತರದ ಮುಂಡಿಗೆ ಪೊದೆಗಳ ಹತ್ತಿರ, ಇನ್ನೊಂದು ವರ್ಷ ದಕ್ಷಿಣದ ಮೀನುಗಾರರ ಮನೆಗಳ ಹತ್ತಿರ, ಮತ್ತೊಂದು ವರ್ಷ ನಟ್ಟನಡುವೆ!

ಇಂಥ ಹೊಳೆಯ ಎದುರು ನನ್ನ ಮಾವ ಸಿಕ್ಕಿಬಿದ್ದದ್ದು ಸರ್ವೆ ಕೆಲಸಕ್ಕೆ ಸೇರಿದ ಹೊಸದರಲ್ಲಿ. ಮೀಸೆ ಚಿಗುರಿದ ಹುಮ್ಮಸ್ಸು, ಕೈಯಲ್ಲಿ ಅಳತೆಯ ಸರಪಳಿ. ಸ್ವಂತ ಊರಿನ ನಕಾಶೆಯನ್ನು ತಾನೇ ಬರೆಯುವ ಭಾಗ್ಯ! ಅಳಿವೆಯನ್ನು ನೀಲಿ ಶಾಯಿಯಲ್ಲಿ ಚೆಂದವಾಗಿ ತೋರಿಸಿ ಕಾರವಾರದ ಕಚೇರಿಗೆ ಒಪ್ಪಿಸಿದ. ಮಳೆ ಶುರುವಾದ ಮೇಲೆ ಸಾಹೇಬರು ಪರಿಶೀಲನೆಗೆ ಬಂದರು. ನಕಾಶೆ ಹಿಡಿದು ನಿಂತರೆ, ಅಳಿವೆ ಇರಬೇಕಾದಲ್ಲಿ ಎಮ್ಮೆಯೊಂದು ಮಲಗಿ ಮೆಲುಕು ಹಾಕುತ್ತಿತ್ತು.

"ಏನ್ರೀ, ಹೊಳೆ ಎಲ್ಲಿ?"

"ನಿನ್ನೆ ಮೊನ್ನೆವರೆಗೆ ಇಲ್ಲೇ ಇತ್ತು ಸಾರ್!"

ಸಾಹೇಬರು ಎಮ್ಮೆಯನ್ನೂ ಮಾವನನ್ನೂ ಒಮ್ಮೆ ನೋಡಿ ಜೀಪು ಹತ್ತಿದರಂತೆ. ಆ ನೋಟವನ್ನು ಮಾವ ಇವತ್ತಿಗೂ ಮರೆತಿಲ್ಲ. ತಾಲೂಕಿನ ಬೆಟ್ಟ, ಹುಲ್ಲುಬೇಣ, ಗದ್ದೆ, ಗಡಿ ಎಲ್ಲವೂ ಅವನ ಮಾತು ಕೇಳಿದವು. ಈ ಒಂದು ಹೊಳೆ ಕೇಳಲಿಲ್ಲ.

ಅಂದಿನಿಂದ ಶುರುವಾಯಿತು ಪಂಥ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮಾವ ದಿಬ್ಬದ ಮೇಲೆ ಓಡಾಡಿ, ಮರಳು ಮುಟ್ಟಿ, ಗಾಳಿ ನೋಡಿ, ಗಾಳಿಮರದ ಕೋಲಿಗೆ ಕೆಂಪು ಬಟ್ಟೆ ಕಟ್ಟಿ ಒಂದು ಕಡೆ ನೆಡುತ್ತಾನೆ. "ಈ ಸಲ ಇಲ್ಲೇ ಒಡೀತದೆ, ಬರ್ದಿಟ್ಕಣಿ!" ಸೋತರೆ ಅವನ ಮನೆಯ ಇಶಾಡ ಮಾವಿನಹಣ್ಣು ಕೇರಿಗೆಲ್ಲ ಹಂಚಬೇಕು. ಗೆದ್ದರೆ ಅವನಿಗೆ ಹಣ್ಣು ಬೇಡ, ಹಂಪಲು ಬೇಡ. ಕೇರಿಯವರೆಲ್ಲ ದಿಬ್ಬದ ಮೇಲೆ ನಿಂತು ಒಕ್ಕೊರಲಿನಿಂದ "ಒಡೇರೆ, ನೀವೇ ಖರೆ" ಅನ್ನಬೇಕು, ಅಂದರೆ ಒಡೆಯರು ಹೇಳಿದ್ದೇ ನಿಜ ಎಂದು ಒಪ್ಪಬೇಕು. ಅಷ್ಟೇ!

ಆ ಮಾತು ಕೇಳುವ ಯೋಗ ಅವನಿಗೆ ಬರಲೇ ಇಲ್ಲ. ಅವನು ಉತ್ತರಕ್ಕೆ ನೆಟ್ಟರೆ ಹೊಳೆ ದಕ್ಷಿಣಕ್ಕೆ, ದಕ್ಷಿಣಕ್ಕೆ ನೆಟ್ಟರೆ ನಡುವಿಗೆ. ಒಮ್ಮೆಯಂತೂ ಕೋಲಿನ ಬುಡದವರೆಗೆ ಬಂದು, ಬಟ್ಟೆ ಒದ್ದೆ ಮಾಡಿ, ಆಚೆ ತಿರುಗಿ ಹೋಯಿತು. ಇದಕ್ಕಿಂತ ಅವಮಾನ ಬೇಕೇ? ಆ ದಿನ ಮಾವ ಮಧ್ಯಾಹ್ನದ ಊಟಕ್ಕೆ ಬಂಗುಡೆ ಸಾರು ಇದ್ದರೂ ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ಕ್ರಮೇಣ ಊರಿಗೆ ಒಂದು ಸತ್ಯ ಹೊಳೆಯಿತು. ದೋಣಿಯವರು ಮಳೆಗಾಲಕ್ಕೆ ದೋಣಿಗಳನ್ನು ಎಳೆದು ತಂದು ಮಾವನ ಕೋಲಿನ ಸುತ್ತಲೇ ಸಾಲಾಗಿ ಮಗುಚಿಡತೊಡಗಿದರು. ಮಾವ ಹಿಗ್ಗಿಹೋದ. ತನ್ನ ಕೋಲಿಗೆ ಎಂಥ ಮರ್ಯಾದೆ! ಒಬ್ಬನನ್ನು ಕರೆದು, "ಅಲ್ಲ ಮಾರಾಯಾ, ಇಲ್ಲಿ ಅಳಿವೆ ಒಡೀತದೆ ಅಂತ ನಾ ಹೇಳಿದ್ಮೇಲೂ ಇಲ್ಲೇ ಇಡ್ತ್ಯಲ್ಲ, ಹೆದರ್ಕೆ ಇಲ್ವಾ?" ಎಂದ.

"ಹೆದ್ರೂದೆಂತಕ್ಕೆ ಒಡೇರೆ? ನಿಮ್ಮ ಕೋಲು ಅದೆಯಲ್ಲ. ಹೊಳೆ ಬೇರೆ ಎಲ್ಲಿಗಾದ್ರೂ ಹೋದೀತು, ಇಲ್ಲಿಗೆ ಮಾತ್ರ ಬರೂದಿಲ್ಲ!"

ಮನೆಯಲ್ಲಿ ಅತ್ತೆ ಸುಮ್ಮನಿದ್ದಾಳೆಯೇ? ಹಪ್ಪಳ ಮಾಡುವ ದಿನ ಬೆಳಿಗ್ಗೆಯೇ ಬಂದು ನಿಲ್ಲುತ್ತಾಳೆ.

"ಇವತ್ತು ಜೋರು ಮಳೆ ಬರ್ತದೆ ಅಂತ ಒಂದ್ಸಲ ಹೇಳಿ ನೋಡ್ವ."

"ನಾ ಹೇಳೂದಿಲ್ಲ."

"ಹೇಳ್ದೇ ಇದ್ರೆ ಹಪ್ಪಳ ಒಣಗೂದಿಲ್ಲ. ಆಮೇಲೆ ಊಟಕ್ಕೆ ಕೂತಾಗ ಕೇಳ್ಬೇಡಿ."

ಹಪ್ಪಳ ಅಂದರೆ ಮಾವನಿಗೆ ಪ್ರಾಣ. ಪೇಪರಿನಿಂದ ತಲೆ ಎತ್ತದೆಯೇ, "ಬರ್ತದೆ, ಬರ್ತದೆ, ಊರು ತೊಳ್ಕಂಡು ಹೋಗುವಷ್ಟು ಬರ್ತದೆ!" ಎಂದು ಕಿರುಚುತ್ತಾನೆ. ಸಂಜೆಯವರೆಗೆ ಸುಡುಸುಡು ಬಿಸಿಲು. ಅತ್ತೆ ಹಪ್ಪಳ ಡಬ್ಬಿಗೆ ತುಂಬಿ, ಮಾವನಿಗೆ ನಾಲ್ಕು ಹೆಚ್ಚೇ ಕರಿದು ಕೊಡುತ್ತಾಳೆ.

ಇಷ್ಟೆಲ್ಲ ಕಾಡಿಸಿದ ಹೊಳೆಯನ್ನು ಅವನು ದ್ವೇಷಿಸುತ್ತಾನೆ ಅಂದುಕೊಂಡಿರಾ? ಹಾಗಿದ್ದರೆ ಚಿತ್ತಾಕುಲದ ಕತೆ ಕೇಳಿ. ಅಲ್ಲೊಂದು ಮದುವೆಗೆ ಅವನನ್ನು ಕರೆದುಕೊಂಡು ಹೋಗಿದ್ದೆ. ಊಟವಾದ ಮೇಲೆ ಕಾಳಿ ಸಮುದ್ರ ಸೇರುವ ಜಾಗ ತೋರಿಸಿದೆ. ಅಷ್ಟಗಲದ ನೀರು, ಆಚೆ ದಡದಲ್ಲಿ ಕಾರವಾರ, ತೇಲುವ ದೋಣಿಗಳು. ಬಂದವರೆಲ್ಲ ಮೊಬೈಲು ಹಿಡಿದು ಫೋಟೋ ತೆಗೆಯುತ್ತಿದ್ದರು. ಮಾವ ಸೊಂಟಕ್ಕೆ ಕೈಕೊಟ್ಟು ಸ್ವಲ್ಪ ಹೊತ್ತು ನೋಡಿ ಮುಖ ಹಿಂಡಿದ.

"ಇದೆಂತಾ ಹೊಳೆ ಮಾರಾಯ್ತಿ? ವರ್ಷಪೂರ್ತಿ ಇದ್ದಲ್ಲೇ ಇರ್ತದೆ!"

ಈಗ ಕಳೆದ ವರ್ಷದ ಮಾತು. ನಾನು ಕಾರವಾರದ ಹಬ್ಬುವಾಡದ ನನ್ನ ಮನೆಗೆ ಬೀಗ ಹಾಕಿ, ರಜೆ ಹಾಕಿ ಮಾವನ ಊರಿಗೆ ಹೋಗಿದ್ದೆ. ಆ ಸಲ ಕೇರಿಯಲ್ಲಿ ತಮಾಷೆ ಕಡಿಮೆಯಿತ್ತು. ಹೊಳೆ ಕೆಲವು ವರ್ಷಗಳಿಂದ ದಕ್ಷಿಣಕ್ಕೆ ಜರುಗುತ್ತಾ ಜರುಗುತ್ತಾ ಮೀನು ಮಾರುವ ಸೋಮಕ್ಕನ ಮನೆಯ ಅಂಗಳಕ್ಕೆ ಬಂದಿತ್ತು. ಅಂಚಿನ ತೆಂಗಿನಮರ ಆಗಲೇ ವಾಲಿತ್ತು. ಅಳಿವೆ ಅಲ್ಲಿ ಒಡೆದರೆ ಮನೆ ಉಳಿಯುವುದಿಲ್ಲ. ಒಳಗೆ ಸೋಮಕ್ಕನ ಮಗಳು ಹಸಿ ಬಾಣಂತಿ, ಪಕ್ಕದಲ್ಲಿ ಇನ್ನೂ ಹೆಸರಿಡದ ಕೂಸು. "ಇವರನ್ನ ಎತ್ಕಂಡು ಎಲ್ಲಿಗೆ ಹೋಗ್ಲಿ ತಂಗೀ? ಹೊಳೆ ನಡಿಸ್ದಂಗಾಗ್ಲಿ" ಎಂದು ಸೋಮಕ್ಕ ನನಗೆ ಮೀನು ಅಳೆದು ಕೊಡುತ್ತಾ ಅಂದಳು. ನಗುತ್ತಲೇ ಅಂದಳು, ಆದರೆ ಕಣ್ಣು ನೀರಿನ ಕಡೆಗೇ ಇತ್ತು.

ಮಾರನೇ ದಿನ ಬೆಳಿಗ್ಗೆ ಮಾವನ ಜೊತೆ ನಾನೂ ದಿಬ್ಬ ಸುತ್ತಲು ಹೊರಟೆ. ಉತ್ತರದ ಮುಂಡಿಗೆ ಪೊದೆಯ ಹತ್ತಿರ ಬಂದವನು ಚಪ್ಪಲಿ ಬಿಟ್ಟು ಮರಳನ್ನು ಹಿಮ್ಮಡಿಯಿಂದ ಒತ್ತಿದ. ಕಾಲು ತೆಗೆದ ಜಾಗದಲ್ಲಿ ನೀರು ಮೆಲ್ಲಗೆ ತುಂಬಿಕೊಂಡಿತು. ಮಾವನ ಮುಖ ಹೊಳೆಯಿತು.

"ಕಂಡ್ಯಾ ತಂಗೀ? ಒಳಗಿಂದ ಜಿನುಗ್ತದೆ. ಇಲ್ಲೇ ಒಡೀತದೆ. ಈ ಸಲ ತಪ್ಪೂದೇ ಇಲ್ಲ."

"ಮತ್ತೆಂತ ನೋಡ್ತೆ? ನೆಡು ಕೋಲು!"

ಮಾವ ಕೋಲನ್ನು ಎತ್ತಿದ. ನೆಡಲಿಲ್ಲ. ಅದನ್ನು ಮತ್ತೆ ಹೆಗಲಿಗೇರಿಸಿಕೊಂಡು ದಕ್ಷಿಣಕ್ಕೆ ನಡೆಯತೊಡಗಿದ. ನಾನು ಕೂಗುತ್ತಾ ಹಿಂದೆ ಓಡಿದೆ. ದಿಬ್ಬದ ಉದ್ದಕ್ಕೂ ನಡೆದು, ಸೋಮಕ್ಕನ ಅಂಗಳದ ಎದುರು ನಿಂತು, ಕೋಲನ್ನು ಗಟ್ಟಿಯಾಗಿ ಊರಿ, "ಈ ಸಲ ಇಲ್ಲೇ ಒಡೀತದೆ, ಬರ್ದಿಟ್ಕಣಿ!" ಎಂದು ಕೇರಿಗೆಲ್ಲ ಕೇಳುವ ಹಾಗೆ ಸಾರಿದ. ದೋಣಿಯವರು ಹೋ ಎಂದು ನಕ್ಕರು. "ಸೋಮಕ್ಕಾ, ನೀ ಇನ್ನು ಆರಾಮ ನಿದ್ದೆ ಮಾಡು!"

ವಾಪಸು ಬರುವಾಗ ನಾನು ಅವನನ್ನು ಚೆನ್ನಾಗಿ ಬಯ್ದೆ. ಜೀವಮಾನವಿಡೀ ಕಾದದ್ದು ಕೈಗೆ ಬಂದಾಗ ಯಾರಾದರೂ ಬಿಡುತ್ತಾರೆಯೇ? ತಲೆ ಕೆಟ್ಟಿದೆಯೇ?

ಮಾವ ಹೊಳೆಯ ಕಡೆ ಒಮ್ಮೆ ತಿರುಗಿ ನೋಡಿದ. ಆಮೇಲೆ ದನಿ ತಗ್ಗಿಸಿ ಹೇಳಿದ: "ಆ ಹೊಳೆಗೆ ನಾ ಹೇಳಿದ್ದು ಅಂದ್ರೆ ಆಗೂದಿಲ್ಲ, ಗೊತ್ತದೆಯಲ್ಲ ನಿಂಗೆ. ನಾ ಮುಂಡಿಗೆ ಹತ್ರ ಕೋಲು ಹಾಕಿ, ಅದು ನನ್ನ ಮೇಲಿನ ಸಿಟ್ಟಿಗೆ ಸೋಮಕ್ಕನ ಬದಿಗೆ ತಿರುಗಿದ್ರೆ? ಅಲ್ಲಿ ಕೂಸು ಮಲ್ಗಿದೆ."

ಸರಪಳಿ ಹಿಡಿದು ತಾಲೂಕು ಅಳೆದ ಮನುಷ್ಯ, ಹಪ್ಪಳಕ್ಕಾಗಿ ಸುಳ್ಳು ಹೇಳಲೂ ಸಿಟ್ಟಾಗುವ ಮನುಷ್ಯ! ಅವನ ಮೇಲೆ ನನಗೆ ಎಂಥ ಪ್ರೀತಿ ಉಕ್ಕಿತೆಂದರೆ ಮುಂದೆ ಒಂದು ಮಾತೂ ಬಯ್ಯಲಾಗಲಿಲ್ಲ.

ಮಳೆ ಹಿಡಿಯಿತು. ಹೊಳೆ ಏರಿತು. ಒಂದು ಬೆಳಿಗ್ಗೆ ನಾವು ದೋಸೆ ತಿನ್ನುತ್ತಿರುವಾಗ ಕೇರಿಯಿಂದ ಕೂಗು ಕೇಳಿತು. ಕೈ ತೊಳೆಯದೆ ಓಡಿದೆವು. ಉತ್ತರದ ಮುಂಡಿಗೆ ಪೊದೆಯ ಬಳಿ, ಮಾವ ಹಿಮ್ಮಡಿ ಒತ್ತಿದ ಅದೇ ಜಾಗದಲ್ಲಿ, ಕೆಂಪು ನೀರು ದಿಬ್ಬ ಸೀಳಿಕೊಂಡು ಸಮುದ್ರಕ್ಕೆ ಧುಮುಕುತ್ತಿತ್ತು! ದಕ್ಷಿಣದಲ್ಲಿ ನೀರು ಇಳಿಯುತ್ತಾ ಇಳಿಯುತ್ತಾ ಸೋಮಕ್ಕನ ಅಂಗಳ ಬಿಟ್ಟು ಹೋಗುತ್ತಿತ್ತು. ಸೋಮಕ್ಕ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದು, "ಒಡೇರೆ, ನಿಮ್ಮ ಕೋಲು ನಮ್ಮನೆ ಕಾಯ್ತು!" ಎಂದು ಅತ್ತು ನಕ್ಕಳು.

"ಒಡೇರು ಮತ್ತೆ ಸೋತ್ರು! ಹಣ್ಣು ತರ್ಸಿ!" ಕೇರಿಯೇ ಕುಣಿಯಿತು.

ಮಾವ ಅಷ್ಟು ಖುಷಿಯಾಗಿ ಸೋತದ್ದನ್ನು ನಾನು ಕಂಡೇ ಇರಲಿಲ್ಲ. ಕೊನೆಯ ಇಶಾಡ ಹಣ್ಣುಗಳ ಬುಟ್ಟಿ ತರಿಸಿ, ತಾನೇ ಮನೆಮನೆಗೆ ಹಂಚಿದ. ಎಲ್ಲಕ್ಕಿಂತ ದೊಡ್ಡದನ್ನು ಬಾಣಂತಿಗೆ ಕೊಡಲು ಹೋಗಿ, ಬಾಣಂತಿ ಮಾವಿನಹಣ್ಣು ತಿನ್ನಬಾರದೆಂದು ಸೋಮಕ್ಕನಿಂದ ಬಯ್ಸಿಕೊಂಡು, ಅದನ್ನೂ ಸೋಮಕ್ಕನಿಗೇ ಕೊಟ್ಟ.

ಬುಟ್ಟಿ ಖಾಲಿಯಾದ ಮೇಲೆ ನಾವಿಬ್ಬರೇ ಅಳಿವೆಯ ಹತ್ತಿರ ಬಂದೆವು. ಮಾವ ಹರಿಯುವ ನೀರನ್ನೇ ನೋಡುತ್ತಾ ನಿಂತಿದ್ದ. ಕೇರಿ ಹೇಳದಿದ್ದರೆ ಏನಂತೆ, ನಾನಿಲ್ಲವೇ? ಹತ್ತಿರ ಹೋಗಿ ಅವನ ಕಿವಿಯಲ್ಲಿ ಹೇಳಿದೆ:

"ಮಾವಾ, ನೀನೇ ಖರೆ."

ಅವನ ಕಣ್ಣು ತುಂಬಿಬಂತು. ಆದರೂ ಗಡಬಡಿಸಿ ನನ್ನ ಬಾಯಿಗೆ ಕೈ ಅಡ್ಡ ಹಿಡಿದ.

"ಶ್! ಮೆಲ್ಲಗೆ ಹೇಳೇ. ಹೊಳೆ ಕೇಳಸ್ಕಂತದೆ."