ಮುಚ್ಚಳ ಮುಟ್ಟಬೇಡಿ!

ಕೈಮದ ಉಂಡೆಗಳನ್ನು ಮೊರದ ಮೇಲೆ ಸಾಲಾಗಿ ನಿಲ್ಲಿಸಿ, ಎದುರಿಗೆ ನಿಂತು ವಿಷಲ್ ಊದಿ, ‘ಅಟೆನ್ಷನ್!’ ಎಂದು ಕೂಗಿದ ಮನುಷ್ಯನನ್ನು ನೀವು ಯಾರಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿದ್ದೇನೆ ಅಂದರೇನು, ಆ ಮೊರ ಹಿಡಿದುಕೊಂಡು ನಿಂತಿದ್ದವಳೇ ನಾನು! ಆ ಮಹಾನುಭಾವ ನನ್ನ ಖಾಸಾ ಮೈದುನ. ಹೆಸರು ಹೇಳುವುದಿಲ್ಲ. ಹೇಳಿದರೆ ಚನ್ನರಾಯಪಟ್ಟಣದ ಹೈಸ್ಕೂಲಿನಲ್ಲಿ ಅವನ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೆಲ್ಲ ಇದನ್ನು ಓದುತ್ತಿದ್ದ ಕುರ್ಚಿಯಿಂದ ಧಡಕ್ಕನೆ ಎದ್ದು ನಿಂತುಬಿಟ್ಟಾರು!

ಹೌದು, ಡ್ರಿಲ್ ಮೇಷ್ಟ್ರು. ಹೊಳೆನರಸೀಪುರದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ಸ್ಕೂಲಿನಲ್ಲಿ ಊದಿದ್ದು ಸಾಲದೆ ಮನೆಯಲ್ಲೂ ಕೊರಳಲ್ಲಿ ವಿಷಲ್. ಕಾಫಿ ಬೇಕಾದರೆ ಒಂದು ಗಿಡ್ಡ ಊದು, ಸ್ನಾನಕ್ಕೆ ನೀರು ಕಾದಿದೆಯೇ ಎಂದು ಕೇಳಲು ಒಂದು ಉದ್ದ ಊದು. ಮದುವೆಯಾದ ಹೊಸದರಲ್ಲಿ ನನ್ನ ಓರಗಿತ್ತಿ, ಅಂದರೆ ಅವನ ಹೆಂಡತಿ, ವಿಷಲ್ ಕೇಳಿ ಕಂಡಕ್ಟರ್ ರೈಟ್ ಹೇಳಿದನೆಂದುಕೊಂಡು ಬ್ಯಾಗ್ ಹಿಡಿದು ಬೀದಿಗೆ ಓಡಿದ್ದಳು. ನಾನು ಕಾನ್ವೆಂಟಿನಲ್ಲಿ ಬೆಳೆದವಳು, ಗಂಟೆ ಹೊಡೆದರೆ ಎದ್ದು ಗಂಟೆ ಹೊಡೆದರೆ ಮಲಗಿದವಳು. ನಮ್ಮ ಸಿಸ್ಟರ್‌ಗಳೂ ಈ ಮಟ್ಟದ ಡಿಸಿಪ್ಲಿನ್ ಕಂಡಿರಲಿಲ್ಲ!

ಇಂಥವನಿಗೆ ಅಡುಗೆಯ ಹುಚ್ಚು ಬೇರೆ. ಅದರಲ್ಲೂ ಕೈಮದ ಉಂಡೆ ಸಾರು. ನಮ್ಮ ಕಡೆ ಈ ಸಾರು ಮಾಡುವಾಗ ಒಂದು ಪದ್ಧತಿಯಿದೆ. ಮಾಂಸವನ್ನು ಸಣ್ಣಗೆ ಕೊಚ್ಚಿ, ಹುರಿಗಡಲೆ ಹಿಟ್ಟು, ಮಸಾಲೆ ಸೇರಿಸಿ ಉಂಡೆ ಕಟ್ಟಿದ ಮೇಲೆ, ಕುದಿಯುವ ಸಾರಿಗೆ ಮೊದಲು ಒಂದೇ ಒಂದು ಉಂಡೆ ಬಿಡಬೇಕು. ಮನೆಯವರೆಲ್ಲ ಉಸಿರು ಬಿಗಿಹಿಡಿದು ನೋಡಬೇಕು. ಆ ಒಂದು ಒಡೆಯದೆ ತೇಲಿ ಬಂದರೆ ಮಿಕ್ಕವು. ಒಡೆದರೆ ಇನ್ನಷ್ಟು ಹಿಟ್ಟು. ಸರಳ ಅಲ್ಲವೇ? ಆದರೆ ನಮ್ಮ ಮೇಷ್ಟ್ರಿಗೆ ಒಬ್ಬೊಬ್ಬರನ್ನೇ ಕಳಿಸಿ ಅಭ್ಯಾಸವಿಲ್ಲವಲ್ಲ! ಮದುವೆಯ ನಂತರ ಮೊದಲ ಸಲ ತನ್ನ ಮಾವನವರನ್ನು ಊಟಕ್ಕೆ ಕರೆದ ದಿನ, ವಿಷಲ್ ಊದಿ ಇಡೀ ಕ್ಲಾಸನ್ನೇ ಒಟ್ಟಿಗೆ ಸಾರಿಗೆ ಇಳಿಸಿದ.

ಎಲ್ಲವೂ ಮುಳುಗಿದವು. ಒಂದೂ ತೇಲಲಿಲ್ಲ.

ಮಾವನವರು ರಾಮನಾಥಪುರದ ಕಡೆ ಹೊಗೆಸೊಪ್ಪು ಬೆಳೆಯುವವರು. ಆರಡಿ ಆಳು, ಗತ್ತಿನ ಮನುಷ್ಯ. ಎಲೆಯ ಮೇಲಿನ ಸಾರಿನಲ್ಲಿ ಬೆರಳಾಡಿಸಿ, “ಅಳಿಯಂದ್ರೇ, ಉಂಡೆ ಎಲ್ಲವೆ?” ಎಂದರು.

ಇವನು ಎದೆಯುಬ್ಬಿಸಿ, “ಅವು ಸಾರೊಳಗೇ ಲೀನ ಆಗವೆ ಮಾವ! ನೀವೇ ಹುಡಿಕ್ಕಬೇಕು!” ಎಂದುಬಿಟ್ಟ.

ಸೋಲು ಮುಚ್ಚಲು ಆಡಿದ ತಮಾಷೆ. ಆದರೆ ಪಂಕ್ತಿಯಲ್ಲಿ ಯಾರೋ ಕಿಸಕ್ಕೆಂದರು. ಮಾವನವರು ಎಲೆ ಬಿಟ್ಟು ಎದ್ದೇಬಿಟ್ಟರು! ಉಣ್ಣುತ್ತಿದ್ದ ಎಲೆ ಬಿಟ್ಟು ಏಳುವುದೆಂದರೆ ನಮ್ಮಲ್ಲಿ ಏನರ್ಥವೆಂದು ಬಿಡಿಸಿ ಹೇಳಬೇಕೇ? ಅಂದಿನಿಂದ ಅವರು ಮಗಳ ಮನೆಯಲ್ಲಿ ಊಟಕ್ಕೆ ಕೈ ತೊಳೆಯಲಿಲ್ಲ. ಬರುತ್ತಿದ್ದರು, ಮೊಮ್ಮಗಳಿಗೆ ಬಾಳೆಹಣ್ಣು ಕೊಡುತ್ತಿದ್ದರು, ಜಗಲಿಯ ಮೇಲೆ ಕೂತು ಒಂದು ಚೆಂಬು ನೀರು ಕುಡಿದು, “ಓಯ್ತೀನಿ ಮಗಾ” ಎಂದು ಮಧ್ಯಾಹ್ನದ ಬಸ್ಸಿಗೆ ಹೊರಡುತ್ತಿದ್ದರು. ನನ್ನ ಓರಗಿತ್ತಿ ಪ್ರತಿ ಸಲವೂ ಅವರ ಪಾಲಿನ ಮುದ್ದೆ ಕಟ್ಟಿಟ್ಟಿರುತ್ತಿದ್ದಳು. ಪ್ರತಿ ಸಲವೂ ಅದನ್ನು ಸಂಜೆ ಹಸುವಿಗೆ ಹಾಕುತ್ತಿದ್ದಳು. ಮಗಳು ಹುಟ್ಟಿ, ಬೆಳೆದು, ಎಸ್ಸೆಸ್ಸೆಲ್ಸಿಗೆ ಬಂದರೂ ಇದೇ ಕಥೆ.

ತೊಂಬತ್ತರ ದಶಕದ ಕೊನೆಯಲ್ಲಿ ಆ ಹುಡುಗಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಅಪ್ಪ ಪಾರ್ಟಿ ಎಂದ. ಮಗಳು ಸೀದಾ ರಾಮನಾಥಪುರಕ್ಕೆ ಹೋಗಿ ತಾತನ ಮುಂದೆ ಕೂತು, “ನೀನು ಉಂಡ್ರೇನೇ ಪಾರ್ಟಿ. ಇಲ್ದಿದ್ರೆ ನಾನೂ ಉಣ್ಣಲ್ಲ” ಎಂದಳಂತೆ. ತಾತ, “ಎಲೆ ಮುಂದೆ ಕೂತ್ಕತೀನಿ. ಉಣ್ಣಾದು ಬುಡಾದು ಎಲೆ ನೋಡಿ” ಎಂದರಂತೆ.

ಈ ಸುದ್ದಿ ಬಂದದ್ದೇ ಮನೆಯಲ್ಲಿ ಯುದ್ಧದ ವಾತಾವರಣ! ಓರಗಿತ್ತಿ ನನ್ನ ಕೈ ಹಿಡಿದುಕೊಂಡು, “ಅಕ್ಕಾ, ಈ ಸಲ ಎದ್ದೋದ್ರೆ ಅಪ್ಪ ಇನ್ನು ನೀರೂ ಮುಟ್ಟಲ್ಲ ಕಣಕ್ಕ. ಕೋಳಿ ಸಾರು ಮಾಡ್ಬುಡುವಾ, ನೀವಾದ್ರೂ ಇವ್ರಿಗೆ ಏಳಿ” ಎಂದು ಅತ್ತಳು. ಹೇಳಿದೆ. ಕೇಳುವ ಆಸಾಮಿಯೇ? “ಬಿದ್ದ ಜಾಗದಲ್ಲೇ ಎದ್ದು ನಿಲ್ಬೇಕು ಅತ್ಗೆ! ಉಂಡೇನೇ ಮಾಡಾದು! ನಿಮ್ ಇಂಗ್ಲಿಷ್ ಪುಸ್ತಕದಾಗೆ ಒಡೀದಂಗೆ ಮಾಡೋ ದಾರಿ ಏನಾರ ಐತಾ ನೋಡಿ.”

ನನ್ನ ಬಳಿ ಹಳೆಯ ಇಂಗ್ಲಿಷ್ ಮ್ಯಾಗಜೀನ್‌ಗಳ ಒಂದು ರಾಶಿಯೇ ಇತ್ತು. ಹುಡುಕಿದೆ. ಸಿಕ್ಕಿತು! ಸ್ವೀಟ್ ಅಂಡ್ ಸೇವರಿ ಸ್ಲೋ ಕುಕ್ಕರ್ ಮೀಟ್‌ಬಾಲ್ಸ್, ಪಾರ್ಟಿಗೆ ಹೇಳಿ ಮಾಡಿಸಿದ್ದು. ಸಾರು ಕುದಿಯುವುದೇ ಇಲ್ಲ, ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಕೂತು ಬೇಯುತ್ತದೆ. ಕುದಿಯದಿದ್ದರೆ ಉಂಡೆ ಒಡೆಯುವುದೆಲ್ಲಿಂದ? ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಒಂದು ವಾರ್ನಿಂಗ್: ಡು ನಾಟ್ ಲಿಫ್ಟ್ ದ ಲಿಡ್.

“ಅಂದ್ರೆ?”

“ಬೇಯುವ ತನಕ ಮುಚ್ಚಳ ತೆಗೆಯಬಾರದು.”

ಮೈದುನನ ಕಣ್ಣು ಮಿಂಚಿದವು. ಜೀವಮಾನದಲ್ಲಿ ಮೊದಲ ಸಲ ಅಡುಗೆಯ ಪುಸ್ತಕವೊಂದು ಅವನ ಭಾಷೆಯಲ್ಲಿ, ಅಂದರೆ ಆರ್ಡರ್‌ನಲ್ಲಿ, ಮಾತಾಡಿತ್ತು!

ಮಾರನೆಯ ದಿನವೇ ಸ್ಲೋ ಕುಕ್ಕರ್ ತರಲು ಹಾಸನಕ್ಕೆ ಹೊರಟ. ಪಾತ್ರೆ ಅಂಗಡಿಯವನು ಇವನನ್ನು ಮೇಲಿಂದ ಕೆಳಗೆ ನೋಡಿ, “ಸಾ, ಇಡೀ ಊರು ಬೇಗ ಬೇಯೋ ಕುಕ್ಕರ್ ಕೇಳ್ತದೆ. ನೀವೊಬ್ರು ತಡವಾಗಿ ಬೇಯೋದು ಕೇಳ್ತೀರಲ್ಲ! ನಮ್ಮನೇದು ಗ್ಯಾಸ್ಕೆಟ್ ಓಗದೆ, ಅನ್ನ ಆಗಕ್ಕೆ ಅರ್ಧ ದಿನ. ತಗಂಡೋಯ್ತೀರಾ?” ಎಂದನಂತೆ. ಬರಿಗೈಯಲ್ಲಿ ಬಂದ. ಆದರೆ ದಾರಿಯಲ್ಲಿ ಬಸ್ಸು ರೈಸ್ ಮಿಲ್ಲಿನ ಮುಂದೆ ನಿಂತಾಗ ಭತ್ತದ ಹೊಟ್ಟಿನ ರಾಶಿ ಕಂಡು ಜ್ಞಾನೋದಯವಾಯಿತು. ಹೊಟ್ಟಿನ ಒಲೆ! ತಗಡಿನ ಡಬ್ಬಕ್ಕೆ ಹೊಟ್ಟು ಬಿಗಿಯಾಗಿ ತುಂಬಿ ನಡುವೆ ತೂತು ಬಿಟ್ಟು ಕೆಂಡ ಹಾಕಿದರೆ ಸಾಕು, ಉರಿಯೇ ಇಲ್ಲದೆ ಹೊತ್ತುಗಟ್ಟಲೆ ಕನಲುತ್ತದೆ. ಅಮೆರಿಕದವರು ಕರೆಂಟಿನಲ್ಲಿ ಮಾಡುವುದನ್ನು ನಮ್ಮ ಅಜ್ಜಿಯರು ಹೊಟ್ಟಿನಲ್ಲಿ ಮಾಡುತ್ತಿದ್ದರು. ಪೇಟೆಂಟ್ ತೆಗೆದುಕೊಳ್ಳುವುದೊಂದು ಮರೆತರು, ಪಾಪ!

ಪಾರ್ಟಿಯ ದಿನ ಬೆಳಿಗ್ಗೆಯಿಂದ ಅಡುಗೆಮನೆಯಲ್ಲಿ ಯಾರೂ ಜೋರಾಗಿ ಉಸಿರಾಡುವಂತಿಲ್ಲ. ಮ್ಯಾಗಜೀನ್ ಹಿಡಿದು ಓದುವುದು ನನ್ನ ಕೆಲಸ. ‘ಗ್ರೇಪ್ ಜೆಲ್ಲಿ’ ಎಂದೆ. ಬೆಲ್ಲದ ಅಚ್ಚು ಬಂತು. ‘ಚಿಲ್ಲಿ ಸಾಸ್’ ಎಂದೆ. ಬ್ಯಾಡಗಿ ಮೆಣಸಿನಕಾಯಿ, ಹುಣಸೆರಸ ಬಂತು.

“ಮಾಂಸಕ್ಕೆ ಬೆಲ್ಲನಾ!” ಓರಗಿತ್ತಿ ಹಣೆ ಹಣೆ ಚಚ್ಚಿಕೊಂಡಳು. “ನಮ್ಮಪ್ಪ ಬತ್ತಿರಾದು ಊಟಕ್ಕಾ, ಒಬ್ಬಟ್ಟಿಗಾ?”

“ಇದು ಸ್ವೀಟ್ ಅಂಡ್ ಸೇವರಿ ಕಣೇ! ಅತ್ಗೇನೇ ಓದವ್ರೆ!”

ಅವಳು ನನ್ನತ್ತ ನೋಡಿದ ನೋಟ! ಪ್ರಿಂಟ್ ಆಗಿರುವುದನ್ನು ಓದಿದ್ದು ಬಿಟ್ಟರೆ ನಾನು ಮಾಡಿದ ಪಾಪವೇನು ಹೇಳಿ?

ಉಂಡೆ ಕಟ್ಟುವ ಹೊತ್ತಿಗೆ ಮೈದುನನ ಭಯ ಹೊರಬಿತ್ತು. ಹಿಟ್ಟು ಹಾಕಿದ. ಇನ್ನೊಂದು ಹಿಡಿ ಹಾಕಿದ. ಅಂಗೈ ನಡುವೆ ಒಂದೊಂದನ್ನೂ ಹಿಂಡಿ ಹಿಂಡಿ, ಕ್ರಿಕೆಟ್ ಬಾಲಿನ ಹಾಗೆ ಗಟ್ಟಿ ಮಾಡಿ ಮೊರದ ಮೇಲೆ ನಿಲ್ಲಿಸಿದ. ಆಗಲೇ ಆ ‘ಅಟೆನ್ಷನ್!’ ಎಂದದ್ದು. ನಗಬೇಕೆನಿಸಿತು. ಆದರೆ ಅವನು ಮತ್ತೆ ಮೊದಲ ಉಂಡೆಯಿಂದ ಹಿಡಿದು ಒಂದೊಂದನ್ನೂ ಅದುಮಿ ನೋಡತೊಡಗಿದ, ನಗಲಾಗಲಿಲ್ಲ.

“ಒಂದನ್ನ ಬಿಟ್ಟು ನೋಡ್ರೀ ಮೊದ್ಲು. ನಿಮ್ ಕಾಲಿಗೆ ಬೀಳ್ತೀನಿ” ಎಂದಳು ಓರಗಿತ್ತಿ.

“ಬಿಟ್ ನೋಡ್ಬೇಕಾದ್ರೆ ಮುಚ್ಚಳ ತೆಗೀಬೇಕು. ಮುಚ್ಚಳ ತೆಗೀಬಾರ್ದು. ಆರ್ಡರ್ ಅಂದ್ರೆ ಆರ್ಡರ್!” ಎಂದವನೇ ಎಲ್ಲವನ್ನೂ ತಪ್ಪಲೆಗಿಳಿಸಿ, ಮುಚ್ಚಳ ಹಾಕಿ, ಅಂಚಿಗೆ ಸುತ್ತಲೂ ಕಲಸಿದ ಹಿಟ್ಟು ಮೆತ್ತಿಬಿಟ್ಟ. ಅಲ್ಲಿಗೆ ಮುಗಿಯಿತು. ಒಳಗೆ ಉಂಡೆ ಇದೆಯೋ, ಗಂಜಿ ಇದೆಯೋ, ಇನ್ನು ಸಂಜೆಗೇ ಗೊತ್ತಾಗಬೇಕು!

ಆ ಮಧ್ಯಾಹ್ನದಷ್ಟು ಉದ್ದದ ಮಧ್ಯಾಹ್ನವನ್ನು ನಾನು ಕಂಡಿಲ್ಲ. ಅವನು ಒಲೆಯ ಮುಂದೆ ಸ್ಟೂಲು ಹಾಕಿಕೊಂಡು ಕಾವಲು ಕೂತ. ಯಾರಾದರೂ ಹತ್ತಿರ ಸುಳಿದರೆ ವಿಷಲ್. ಒಮ್ಮೆ ತಪ್ಪಲೆಯೊಳಗಿಂದ ‘ಬೊಳಕ್’ ಎಂದು ಸದ್ದು ಬಂತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಒಡೆದದ್ದೋ? ತಿರುಗಿದ್ದೋ? ಕೇಳುವುದು ಯಾರನ್ನು? ಓರಗಿತ್ತಿ ದೇವರ ಮುಂದೆ ಇನ್ನೊಂದು ದೀಪ ಹಚ್ಚಿ ಬಂದಳು. ಮೇಷ್ಟ್ರು ತಪ್ಪಲೆಗೆ ಕಿವಿಯಿಟ್ಟು ಆಲಿಸಿ ಕಿವಿ ಸುಟ್ಟುಕೊಂಡ. ಊರಿನ ಮಕ್ಕಳ ಕಿವಿ ಹಿಂಡಿದವನಿಗೆ ಅಷ್ಟಾದರೂ ಆಗಬೇಕಲ್ಲವೇ!

ಹೊತ್ತು ಇಳಿಯುವಾಗ ಬೀಗರು, ಅಂದರೆ ಅವನ ಮಾವ, ಬಂದರು. ಮೊದಲಿಗಿಂತ ಸೊರಗಿದ್ದರು. ಹೆಗಲ ಟವೆಲ್ಲನ್ನು ಬಾಯಿಗೆ ಅಡ್ಡ ಹಿಡಿದೇ ಮಾತು. ಇನ್ನೂ ಮುನಿಸು ಇಳಿದಿಲ್ಲವೆಂದುಕೊಂಡೆ. ಹೊಟ್ಟಿನ ಒಲೆಯ ಮುಂದೆ ಬಗ್ಗಿ ನೋಡಿ, ಟವೆಲ್ಲಿನೊಳಗಿಂದಲೇ, “ನಾವು ಬ್ಯಾರನ್ನಾಗೆ ಸೊಪ್ಪು ಬೇಯ್ಸಾದೂ ಇಂಗೇಯ. ಉರಿ ಎಚ್ಚಾದ್ರೆ ಎಲ್ಲ ಓಯ್ತು” ಎಂದರು. ಬ್ಯಾರನ್ ಅಂದರೆ ಹೊಗೆಸೊಪ್ಪು ಹದ ಮಾಡುವ ಮನೆ. ಹೊಗಳಿದ್ದೋ, ಹೆದರಿಸಿದ್ದೋ ತಿಳಿಯಲಿಲ್ಲ. ಮೈದುನ ಸೆಲ್ಯೂಟ್ ಹೊಡೆಯುವುದೊಂದು ಬಾಕಿ!

ಎಲೆ ಹಾಕಿದರು. ಹಿರಿಯರು ಮೊದಲ ಎಲೆಗೆ ಕೂತರು, ಮಗ್ಗುಲಲ್ಲಿ ಮೊಮ್ಮಗಳು, ಆಮೇಲೆ ನೆಂಟರು. ಅಡುಗೆಮನೆಯಲ್ಲಿ ಮೈದುನ ಹಿಟ್ಟು ಕೆರೆದು, ನನ್ನೊಬ್ಬಳನ್ನು ಸಾಕ್ಷಿಗೆ ನಿಲ್ಲಿಸಿಕೊಂಡು, ಕಣ್ಣು ಮುಚ್ಚಿ ಮುಚ್ಚಳ ತೆಗೆದ. “ಏಳಿ ಅತ್ಗೆ. ಅವೆಯಾ?”

ಹಬೆ ಸರಿಯಿತು. ಕೆಂಪಗೆ ಹೊಳೆಯುವ ಸಾರಿನಲ್ಲಿ ಒಂದೊಂದು ಉಂಡೆಯೂ ಇಡಿಯಾಗಿ, ಗುಂಡಗೆ, ಬಿರುಕಿಲ್ಲದೆ ಕೂತಿತ್ತು! ಅವನು ಕಣ್ಣು ಬಿಟ್ಟು ನೋಡಿದ. ಚಿಕ್ಕ ಮಗುವಿನ ಹಾಗೆ ನನ್ನ ತೋಳು ಹಿಡಿದು ಅಲುಗಾಡಿಸಿದ. ಒಂದು ಉಂಡೆಯನ್ನು ಸಾರಿನ ಸಮೇತ ಬಟ್ಟಲಿಗೆ ಹಾಕಿಕೊಂಡು, ಮೆರವಣಿಗೆ ಹೊರಟವನಂತೆ ಹೋಗಿ ಮಾವನ ಎಲೆಗೆ ಬಡಿಸಿದ. ಅವರು ಬಾಯಿಗಿಡದೆ ಮಿಕ್ಕವರಿಗೆ ಬಡಿಸುವಂತಿಲ್ಲ. ಮುದ್ದೆ ಹಿಡಿದ ಓರಗಿತ್ತಿ ಗೋಡೆಗೆ ಒರಗಿ ನಿಂತಳು.

ಅವರು ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದರು. ಆಯಿತು. ಉಂಡೆಯನ್ನು ಬೆರಳಿನಲ್ಲಿ ಅದುಮಿದರು. ಅದು ಜಗ್ಗಲಿಲ್ಲ. ಬಾಯಿಗೆ ಹಾಕಿಕೊಂಡರು. ಎಡಗೆನ್ನೆ ಉಬ್ಬಿತು, ಬಲಗೆನ್ನೆ ಉಬ್ಬಿತು, ಮತ್ತೆ ಎಡಗೆನ್ನೆ. ಟವೆಲ್ ಬಾಯಿಗೆ ಬಂತು, ಕೆಳಗಿಳಿಯಿತು. ಉಂಡೆ ಎಲೆಯಲ್ಲೂ ಇರಲಿಲ್ಲ, ಬಾಯಲ್ಲೂ ಇರಲಿಲ್ಲ. ಅವರು ಎಲೆಯ ಪಕ್ಕದಲ್ಲಿ ಎಡಗೈ ಊರಿದರು. ಏಳುವವರು ಊರುವ ಹಾಗೆ. ಮೊಮ್ಮಗಳು ತಾತನ ಮುಖ ನೋಡಿದಳು. ಓರಗಿತ್ತಿಯ ಮುಖದಲ್ಲಿ ರಕ್ತವಿರಲಿಲ್ಲ.

ಮೈದುನ ಮಾವನ ಕೈ ನೋಡಲಿಲ್ಲ, ಟವೆಲ್ಲಿನಲ್ಲಿ ಉಂಡೆಯಷ್ಟು ಉಬ್ಬಿದ ಗಂಟು ನೋಡಿದ. ಆಮೇಲೆ ಹಲ್ಲಿಲ್ಲದೆ ಒಳಗೆ ಸೇದಿಕೊಂಡಿದ್ದ ಆ ತುಟಿಗಳನ್ನು ನೋಡಿದ. “ಒಂದ್ನಿಮಿಷ ಮಾವ” ಎಂದು ಒಳಗೆ ಓಡಿದ. ಅಳಲು ಹೋದನೆಂದುಕೊಂಡು ನಾನೂ ಹಿಂದೆ ಹೋದೆ.

ಅವನು ಮುದ್ದೆ ಕೋಲು ಕೈಗೆತ್ತಿಕೊಂಡಿದ್ದ. ತಪ್ಪಲೆಯೊಳಗಿನ ತನ್ನ ಸಾಲನ್ನು ಒಮ್ಮೆ ನೋಡಿ, ನನಗೆ ಮಾತ್ರ ಕೇಳುವ ಹಾಗೆ, “ಡಿಸ್ಪರ್ಸ್” ಎಂದ. ಎಂದವನೇ ಕೋಲು ಇಳಿಸಿದ. ಒಂದನ್ನೂ ಉಳಿಸಲಿಲ್ಲ. ಎಲ್ಲವನ್ನೂ ಅರೆದು, ತಿರುವಿ, ಗಂಜಿ ಮಾಡಿ, ಸೌಟು ಹಿಡಿದು ಹೊರಗೆ ಬಂದು, ಇಡೀ ಪಂಕ್ತಿಗೆ ಕೇಳುವಂತೆ, “ಮಾವ, ನಿಂತಿದ್ದು ಅದೊಂದೇಯ! ಮಿಕ್ಕವೆಲ್ಲ ಮತ್ತೆ ಒಡ್ದೋದ್ವು!” ಎಂದ.

ನೆಂಟರು ಘೊಳ್ಳೆಂದರು. ಹಿರಿಯರು ಅಳಿಯನ ಮುಖವನ್ನೇ ಬಹಳ ಹೊತ್ತು ನೋಡಿದರು. ಊರಿದ ಕೈಯನ್ನು ನಿಧಾನವಾಗಿ ತೊಡೆಯ ಮೇಲಿಟ್ಟುಕೊಂಡರು.

“ನಂಗೊತ್ತಿತ್ತು ಬುಡಿ. ನಿಮ್ ಕೈಲಿ ಉಂಡೆ ನಿಲ್ಲಾಕಿಲ್ಲ. ಆಗಿದ್ದಾಯ್ತು, ಅದ್ನೇ ಬುಡಿ ಇತ್ಲಾಗೆ.”

ಸೌಟಿನ ಮೇಲೆ ಸೌಟು ಹಾಕಿಸಿಕೊಂಡು ಉಂಡರು. ಬೆಲ್ಲ ಚೆನ್ನಾಗಿದೆ ಎಂದರು! ಓರಗಿತ್ತಿ ಮುದ್ದೆ ಬಡಿಸುತ್ತಾ, ಕಣ್ಣೊರೆಸಿಕೊಳ್ಳುತ್ತಾ, ಗಂಡನಿಗೆ, “ಥೂ, ಒಂದ್ ಉಂಡೆ ನಿಲ್ಸಕ್ ಬರಲ್ವಲ್ರೀ ನಿಮ್ಗೆ” ಎಂದು ಬೈದಳು. ಅವನು ತಲೆ ಕೆರೆದುಕೊಂಡ. ಅವಳಿಗೂ ಹೇಳಲಿಲ್ಲ. ಇಂದಿಗೂ ನೆಂಟರ ಬಾಯಲ್ಲಿ ಅವನು ‘ಉಂಡೆ ಒಡೆದ ಮೇಷ್ಟ್ರು’. ಕೇಳಿ ಅವನೂ ನಗುತ್ತಾನೆ.

ಬೀಗರು ತೀರಿಹೋಗಿ ಎಷ್ಟೋ ಕಾಲವಾಯಿತು. ಮೇಷ್ಟ್ರು ರಿಟೈರ್ ಆದ. ನನ್ನ ಹಲ್ಲುಗಳೂ ಅವನ ಹಿಂದೆಯೇ ಒಂದೊಂದಾಗಿ ರಿಟೈರ್ ಆದವು. ಡೆಂಚರ್ಸ್ ಇದೆ, ಹಾಕಿಕೊಂಡರೆ ನೋವು, ಹಾಕಿಕೊಳ್ಳದಿದ್ದರೆ ನಾಚಿಕೆ. ಹಾಗಾಗಿ ಯಾರ ಮನೆಯ ಊಟಕ್ಕೂ ಹೋಗುವುದನ್ನೇ ಬಿಟ್ಟಿದ್ದೆ. ಮೊನ್ನೆ ಮೈದುನ ಬಿಡಲಿಲ್ಲ, ಬಲವಂತ ಮಾಡಿ ತನ್ನ ಮನೆಗೆ ಕರೆದುಕೊಂಡು ಹೋದ. ಎಲೆಯ ಮುಂದೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕೂತಿದ್ದೆ. ಒಳಗಿನಿಂದ ಮುದ್ದೆ ಕೋಲು ತಪ್ಪಲೆಗೆ ಬಡಿಯುವ ಸದ್ದು ಕೇಳಿಸುತ್ತಿತ್ತು. ಆಮೇಲೆ ಅವನು ಸೌಟು ಹಿಡಿದು ಬಂದ, ಕೊರಳಲ್ಲಿ ಅದೇ ವಿಷಲ್.

“ಅತ್ಗೆ, ಏನ್ ಮಾಡಾದು ಏಳಿ,” ಎಂದ. “ಈ ಸಲಾನೂ ಒಡ್ದೋದ್ವು.”